ಒಳಗಿನವನಿಗೆ ಕಾಣುವ ಹಾಗೆ

ಏಪ್ರಿಲ್ 14, ಮಂಗಳವಾರ, ಬೆಳಿಗ್ಗೆ ಎಂಟು

ಡಬ್ಬಿಗಳನ್ನೆಲ್ಲ ಬ್ಲೀಚ್ ನೀರಿನಲ್ಲಿ ಒರೆಸಿ ಆಯಿತು. ಬ್ರೆಡ್ಡಿನ ಕವರ್ ಕೂಡ. ಒರೆಸಿದ ಬಟ್ಟೆಯನ್ನು ಯಾವುದರಿಂದ ಒರೆಸುವುದು ಎಂದು ಒಂದು ಗಳಿಗೆ ನಿಂತೆ. ಎಸೆದುಬಿಟ್ಟೆ. ಒಳ್ಳೆಯ ಬಟ್ಟೆ.

ಆರೈಕೆ ಹೋಂಗೆ ಫೋನ್ ಮಾಡಿದೆ. ಸೆರಫಿಮ್ ನಿನ್ನೆಯೂ ಉಂಡಿದ್ದು ಮೂರೇ ಚಮಚ. ಜನವರಿಯಲ್ಲಿ ಲಕ್ವ ಹೊಡೆದು ಅಲ್ಲಿ ಸೇರಿಸಿದಾಗಿನಿಂದ ನಾನೇ ಎರಡು ಹೊತ್ತೂ ಹೋಗಿ ಉಣಿಸುತ್ತಿದ್ದೆ. ಗಂಡನಿಗೆ ಉಣಿಸುವುದರಲ್ಲಿ ಏನು ದೊಡ್ಡಸ್ತಿಕೆ. ಮಾರ್ಚ್ ಹನ್ನೆರಡಕ್ಕೆ ಕೊರೋನಾ ಎಂದು ಹೊರಗಿನವರಿಗೆ ಬಾಗಿಲು ಹಾಕಿದರು. ಇವತ್ತಿಗೆ ಮೂವತ್ತಮೂರು ದಿನ. ಮಾತು ಹೋಗಿದೆ, ಬಲಗೈ ಹೋಗಿದೆ. ಫೋನ್ ಕಿವಿಗಿಟ್ಟರೆ ತಳ್ಳುತ್ತಾನಂತೆ. ನಾನು ಬಿಟ್ಟುಹೋದೆ ಅಂದುಕೊಂಡಿದ್ದಾನೆ. ಇನ್ನೇನು ಅಂದುಕೊಂಡಾನು?

ಈಗ ನೂರಹದಿಮೂರು ಪೌಂಡ್. ಮೇ ಹದಿನೈದಕ್ಕೆ ನೂರಹತ್ತಕ್ಕಿಂತ ಕೆಳಗಿಳಿದಿದ್ದರೆ ಆಸ್ಪತ್ರೆಗೆ ಒಯ್ದು ಹೊಟ್ಟೆಗೆ ನಳಿಗೆ ಹಾಕುತ್ತಾರೆ. ಡಾಕ್ಟರ್ ಹೇಳಿಬಿಟ್ಟರು. ಈಗ ಆಸ್ಪತ್ರೆಗೆ ಹೋದವರು... ಬರೆಯುವುದಿಲ್ಲ.

ಗಂಟಲು ಕೆರೆಯುತ್ತಿದೆ. ಬೆಳಿಗ್ಗೆಯಿಂದ ನಾಲ್ಕು ಸಲ ಜ್ವರ ನೋಡಿಕೊಂಡೆ. ಇಲ್ಲ.

ಏಪ್ರಿಲ್ 16, ಗುರುವಾರ

ಅವನ ಕಿಟಕಿಗೆ ಹೋಗಿದ್ದೆ. ನೆಲ ಅಂತಸ್ತಿನ ಮೂಲೆ ಕೋಣೆ, ಮುಂದೆ ಸೂರು ಇಳಿದಿದೆ. ಮುಖಗವಸು ಹಾಕಿಕೊಂಡು ಒಂದು ಗಂಟೆ ನಿಂತೆ. ಗಾಜು ತಟ್ಟಿದೆ. ಕೈ ಬೀಸಿದೆ. ಗಾಲಿಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಒಂದು ಸಲ ತಿರುಗಿದ, ನೋಡಿದ — ಯಾರೋ ಅನ್ನುವ ಹಾಗೆ. ಮತ್ತೆ ಗೋಡೆ.

ಮನೆಗೆ ಬಂದು ಮೆಟ್ಟಿಲ ಮೇಲೆ ಕೂತೆ. ಕೆಳಗಿನ ಮನೆಯಿಂದ ಒಲಿಂಡಾ ಕೂಗಿದಳು. ಸೆರಫಿಮ್‌ನ ಅಕ್ಕ. ಎಪ್ಪತ್ತೊಂಬತ್ತು. ಬಾಗಿಲ ಹೊರಗೆ ಬರಬೇಡ ಅಂದರೆ ಕೇಳುವುದಿಲ್ಲ.

"ಏ ಲಿಯೊಂಟೀನಾ, ಇದೀಯೋ ಹೋದ್ಯೋ?"

"ಇದೀನಿ ಅಕ್ಕ. ಗಂಟಲು ಸ್ವಲ್ಪ..."

"ದಿನಾ ಬ್ಲೀಚಲ್ಲಿ ಮನೆ ಮುಳುಗಿಸಿದ್ರೆ ಗಂಟಲು ಹಾಡು ಹೇಳುತ್ತಾ? ಹೆಂಗಿದಾನೆ ನನ್ನ ತಮ್ಮ?"

ಹೇಳುತ್ತ ಅತ್ತುಬಿಟ್ಟೆ. ಅಳುವುದು ಅವಳಿಗೆ ಆಗಿಬರುವುದಿಲ್ಲ.

"ಅಳೋದು ಆಮೇಲೆ. ಮೂವತ್ತು ವರ್ಷ ಈ ಊರಿನ ಅಂಗಡಿ ಗಾಜಿಗೆಲ್ಲ ಚಿತ್ರ ಬಳಿದ್ರಲ್ಲ ಇಬ್ರೂ. ಬೇಕರಿದು, ಮೀನಂಗಡಿದು, ಆ ಕಳ್ಳ ಇನ್ಶೂರೆನ್ಸಿನವನದೂ. ಅವನ ಕಿಟಕಿಗೆ ಗಾಜಿಲ್ವಾ?"

ಅಲ್ಲೇ ಕೂತಿದ್ದೆ, ಕತ್ತಲಾಗುವ ತನಕ.

ಏಪ್ರಿಲ್ 19, ಭಾನುವಾರ

ಹೋಂನ ಮ್ಯಾನೇಜರ್ ಒಪ್ಪಿದಳು. ನೀರಿಗೆ ಹೋಗುವ ಬಣ್ಣವಾಗಿರಬೇಕು, ಮುಖಗವಸು ತೆಗೆಯಬಾರದು, ತೆಗೆದರೆ ಗೇಟಿನಿಂದ ಆಚೆ. ಮೂರು ಸಲ ಹೇಳಿದಳು. ನಾನೂ ಮೂರು ಸಲ ಹೂಂ ಅಂದೆ.

ನೀಲಿ ಹೈಡ್ರೇಂಜಿಯಾ ಹೂಗೊಂಚಲು ಬಳಿದೆ. ಅವನು ಹುಟ್ಟಿದ ದ್ವೀಪದಲ್ಲಿ ಹೊಲಗಳಿಗೆ ಅದೇ ಬೇಲಿ. ಅಂಗಡಿ ಗಾಜಿಗೆ ಹೇಗೋ ಹಾಗೇ — ಮೊದಲು ಬಿಳಿ ಹಾಸು, ಗಟ್ಟಿಯಾಗಿ, ಇಲ್ಲದಿದ್ದರೆ ಬಣ್ಣ ಎದ್ದು ಕಾಣುವುದಿಲ್ಲ. ಅದರ ಮೇಲೆ ನೀಲಿ, ಹಸಿರು. ಕೊನೆಗೆ ಕಪ್ಪು ಗೆರೆ. ಗೆರೆ ಯಾವಾಗಲೂ ಅವನದು. ಬಣ್ಣ ತುಂಬುವುದಷ್ಟೇ ನನ್ನದು. ಹದಿಮೂರಕ್ಕೆ ಶಾಲೆ ಬಿಟ್ಟು ಹೊಲಿಗೆ ಮಿಲ್ಲು ಸೇರಿದವಳು, ಗೆರೆಯೊಳಗೆ ಇರುವುದು ಚೆನ್ನಾಗಿ ಗೊತ್ತು. ಇವತ್ತು ಗೆರೆಯನ್ನು ಅವನ ಹಳೆಯ ನಮೂನೆ ಕಾಗದ ಇಟ್ಟು ಎಳೆದೆ.

ಐದು ಗಂಟೆ ಹಿಡಿಯಿತು. ದೂರ ನಿಂತು ನೋಡಿದೆ. ಚೆನ್ನಾಗಿತ್ತು. ನಿಜಕ್ಕೂ ಚೆನ್ನಾಗಿತ್ತು. ಬೀದಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ಹಾರ್ನ್ ಹೊಡೆದರು.

ಏಪ್ರಿಲ್ 22, ಬುಧವಾರ

ಬರೆಯಲು ನಾಚಿಕೆ.

ಅವನನ್ನು ನೋಡಿಕೊಳ್ಳುವ ಹುಡುಗಿ ಜೋಸ್ಲಿನ್ ಫೋನ್ ಮಾಡಿದಳು. ಒಳ್ಳೆಯವಳು. ಎರಡು ಪಾಳಿ ಒಟ್ಟಿಗೆ ಮಾಡುತ್ತಾಳೆ, ಮನೆಯವರಿಗೆ ತಾಗದಿರಲಿ ಎಂದು ಗ್ಯಾರೇಜಿನಲ್ಲಿ ಮಲಗುತ್ತಾಳಂತೆ.

"ಡೋನಾ ಲಿಯೊಂಟೀನಾ, ಬೇಜಾರು ಮಾಡ್ಕೋಬೇಡಿ. ಆ ಕಿಟಕಿಗೆ ಏನು ಬಳಿದಿದೀರಿ ನೀವು?"

"ಹೂವು. ಯಾಕಮ್ಮ?"

"ಹೂವಾ? ಒಳಗಿಂದ ಬೆಡ್‌ಶೀಟ್ ಕಟ್ಟಿದಂಗಿದೆ. ಬರೀ ಬಿಳಿ. ಮೂರು ದಿನದಿಂದ ಕೋಣೆಗೆ ಬೆಳಕಿಲ್ಲ. ಇವ್ರು ಕೂಗಾಡ್ತಾರೆ. ಚಮಚ ಎಸೆದ್ರು."

ಬಿಳಿ ಹಾಸು. ಒಳಗಿನವನಿಗೆ ಕಾಣುವುದು ಗಾಜಿಗೆ ಮೊದಲು ತಾಗಿದ್ದು. ಮೂವತ್ತು ವರ್ಷ ಬೀದಿಯವರಿಗಾಗಿ ಬಳಿದೆವು, ಒಳಗೆ ಕೂತವರಿಗೆ ಏನು ಕಾಣುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಹೆಂಗಸರೆಲ್ಲ ಕ್ರಿಸ್‌ಮಸ್ಸಿನ ಡಿಸೆಂಬರ್ ಪೂರ್ತಿ ಬಿಳಿ ಗೋಡೆ ನೋಡಿಕೊಂಡಿದ್ದರು.

ಅವನ ಆಕಾಶ ಮುಚ್ಚಿಬಿಟ್ಟೆ. ಇದ್ದದ್ದು ಅದೊಂದೇ.

ನೂರಹನ್ನೊಂದು ಪೌಂಡ್.

ಏಪ್ರಿಲ್ 23

ಬ್ಲೇಡು ಹಿಡಿದು ಪೂರ್ತಿ ಕೆರೆದೆ. ಗಾಜು ತೊಳೆದೆ. ಅವನ ಬೆನ್ನು ಕಂಡಿತು. ಕತ್ತು ಎಷ್ಟು ಸಣ್ಣಗಾಗಿದೆ. ಕಾಲರ್ ಒಳಗೆ ಕೈ ತೂರಿಸಬಹುದು.

ಇನ್ನು ಎಲ್ಲ ತಿರುಗಾಮುರುಗಾ. ಮೊದಲು ಗೆರೆ, ಆಮೇಲೆ ಬಣ್ಣ, ಕೊನೆಗೆ ಬಿಳಿ. ನಮೂನೆ ಕಾಗದ ಇಡಲು ಹೋದರೆ ಗಾಜು ಒದ್ದೆ, ಹರಿದುಹೋಯಿತು. ಕೈಯಲ್ಲೇ ಎಳೆದೆ. ನಡುಗಿತು. ಹೂವು ಎಲೆಕೋಸಿನ ಹಾಗಾಯಿತು. ಎಲೆಕೋಸಿನ ಪಕ್ಕ ಇನ್ನೊಂದು ಎಲೆಕೋಸು.

ಬ್ರಷ್ ಕೆಳಗಿಟ್ಟು ಅತ್ತೆ. ತಲೆ ಎತ್ತಿದಾಗ ಅವನು ಗಾಜಿನ ಹತ್ತಿರ ಇದ್ದ.

ಎಡಗಾಲಿನಲ್ಲಿ ಕುರ್ಚಿ ತಳ್ಳಿಕೊಂಡು ಬಂದಿದ್ದಾನೆ. ನನ್ನನ್ನು ನೋಡುತ್ತಿಲ್ಲ, ಎಲೆಕೋಸು ನೋಡುತ್ತಿದ್ದಾನೆ. ಹುಬ್ಬು ಗಂಟು. ಆಮೇಲೆ ಎಡಗೈ ಎತ್ತಿ ತೋಳಿನಿಂದ ಗಾಜು ಒರೆಸತೊಡಗಿದ. ಅಳಿಸುತ್ತಿದ್ದಾನೆ! ಒಳಗಿನಿಂದ! ಅಳಿಯಲಿಲ್ಲ. ಇನ್ನೂ ಜೋರಾಗಿ ಒರೆಸಿದ. ಗಾಜು ಗುದ್ದಿದ.

ಆ ಮುಖ ನನಗೆ ಗೊತ್ತು. ಬಣ್ಣ ಗೆರೆ ದಾಟಿದಾಗಲೆಲ್ಲ ಏಣಿಯ ಮೇಲಿನಿಂದ ಅದೇ ಮುಖ. ಎಷ್ಟು ಸಲ ಬೈಸಿಕೊಂಡಿದ್ದೇನೆ. ಇವತ್ತು ಬೈಸಿಕೊಂಡು ನಗು ಬಂತು, ಗವಸು ಒದ್ದೆಯಾಯಿತು.

ಒದ್ದೆ ಬಟ್ಟೆಯಲ್ಲಿ ಅಳಿಸಿದೆ. ಅವನು ಕೈ ಇಳಿಸಿದ. ನನ್ನನ್ನು ನೋಡಿದ. ನನ್ನನ್ನೇ. ತುಂಬ ಹೊತ್ತು.

ಏಪ್ರಿಲ್ 25, ಶನಿವಾರ

ಅವನ ಎಡಗೈ ತೋರುಬೆರಳು ಒಳಗೆ. ನನ್ನ ಬ್ರಷ್ ಹೊರಗೆ. ಬೆರಳು ಹೋದಲ್ಲಿ ಬ್ರಷ್ ಹೋಗುತ್ತದೆ. ಬೆರಳು ನಿಂತರೆ ನಿಲ್ಲುತ್ತದೆ. ಎರಡು ಪದರ ಗಾಜು, ನಡುವೆ ಒಂದು ಅಂಗುಲ ಇರಬಹುದು. ಒಂದು ಅಂಗುಲ. ತಾಗುವುದಿಲ್ಲ.

ಏನು ಬರೆಸುತ್ತಿದ್ದಾನೆ ಗೊತ್ತಾಗುವುದಿಲ್ಲ. ಮೂಗು ಗಾಜಿಗೆ ಅಂಟಿಸಿದವಳಿಗೆ ಬೆರಳಷ್ಟೇ ಕಾಣುವುದು. ಇವತ್ತು ಒಂದು ಡೊಂಕು, ಆಮೇಲೆ ಒಂದು ಉದ್ದ ಇಳಿಜಾರು. ನಾನು ಸ್ವಲ್ಪ ಪಕ್ಕಕ್ಕೆ ಸರಿದರೆ ಸಾಕು, ಗಾಜು ಗುದ್ದುತ್ತಾನೆ. ಯಾಕೋ.

ಸಂಜೆ ಜೋಸ್ಲಿನ್ ಫೋನ್. "ಹನ್ನೊಂದು ಚಮಚ! ನಾನು ಹೇಳ್ಬಿಟ್ಟೆ, ಮೇಸ್ತ್ರಿ, ಊಟ ಇಲ್ಲ ಅಂದ್ರೆ ಕಿಟಕೀನೂ ಇಲ್ಲ. ಬೈದ್ರು ಅನ್ಸುತ್ತೆ. ಆದ್ರೆ ಬಾಯಿ ತೆಗೆದ್ರು."

ಹನ್ನೊಂದು.

ಏಪ್ರಿಲ್ 28

ಒಲಿಂಡಾ ಹಟ ಮಾಡಿ ಬಂದಳು. ವ್ಯಾನಿನ ಹಿಂದಿನ ಸೀಟಿನಲ್ಲಿ ಕೂರಿಸಿ, ನಾಲ್ಕೂ ಕಿಟಕಿ ಇಳಿಸಿ ಕರೆದೊಯ್ದೆ. ದಾರಿಯುದ್ದಕ್ಕೂ ಚಳಿ ಎಂದು ಗೊಣಗಿದಳು. ಕಾರುಗಳು ನಿಲ್ಲುವಲ್ಲೇ ನಿಂತು ನೋಡುತ್ತಿದ್ದಳು, ನಾನು ಗೆರೆ ಎಳೆಯುತ್ತಿದ್ದೆ.

"ಏ ಹುಚ್ಚಿ! ಅದೇನು ಬರೀತಿದೀಯ ಗೊತ್ತಾ ನಿಂಗೆ?"

"ಗೊತ್ತಿಲ್ಲ ಅಕ್ಕ. ಬೆಟ್ಟ ಇರಬೇಕು."

"ಬೆಟ್ಟ ಅಂತೆ ಬೆಟ್ಟ. ನಿನ್ನ ಮೂಗು ಕಣೇ ಅದು! ನಮ್ಮ ವಂಶದಲ್ಲಿ ಅಷ್ಟು ದಪ್ಪ ಮೂಗು ಯಾರಿಗಿದೆ?"

ಹಿಂದೆ ಸರಿದು ನೋಡಿದೆ. ಹಣೆ. ಗವಸಿನಡಿ ಉಬ್ಬಿದ ಮೂಗು. ಕಿವಿಯ ಹಿಂದಿನ ಕೂದಲು. ಕಣ್ಣ ಕೆಳಗಿನ ಚೀಲ ಕೂಡ ಬಿಟ್ಟಿಲ್ಲ, ಪಾಪಿ. ನಾನು ನಿಂತಲ್ಲಿ ನನ್ನನ್ನೇ ಗಾಜಿಗೆ ಇಳಿಸುತ್ತಿದ್ದಾನೆ, ನನ್ನ ಕೈಯಿಂದಲೇ. ಅದಕ್ಕೇ ಅಲುಗಾಡಬೇಡ ಅನ್ನುತ್ತಿದ್ದದ್ದು. ಸಂಜೆ ನಾನು ಹೋದ ಮೇಲೂ ಅಲ್ಲೇ ಇರಲಿ ಎಂದು.

ಒಲಿಂಡಾ ವಾಪಸು ಬರುವಾಗ ಚಳಿ ಎಂದು ಒಮ್ಮೆಯೂ ಗೊಣಗಲಿಲ್ಲ. ಅವಳಿಗೆ ಜ್ವರವೇನೋ ಎಂದು ಹೆದರಿದೆ.

ಏಪ್ರಿಲ್ 30, ಗುರುವಾರ

ಕೆನ್ನೆ ಮುಗಿಯಿತು. ಗದ್ದ ಅಂದಾಜಿನಲ್ಲಿ ಎಳೆಸಿದ. ಬಾಯಿಗೆ ಬಂದು ಬೆರಳು ನಿಂತಿತು. ಗಾಜಿನ ಮೇಲೆ ಅಲ್ಲೇ ಕುಟ್ಟಿದ. ಕುಟ್... ಕುಟ್. ಆಮೇಲೆ ತನ್ನ ಬಾಯಿ ಮುಟ್ಟಿ, ಕೈ ಕೆಳಗೆ ಎಳೆದು ತೋರಿಸಿದ.

ಗವಸು ತೆಗೆ ಅನ್ನುತ್ತಿದ್ದಾನೆ.

ಸುತ್ತ ನೋಡಿದೆ. ಬಾಗಿಲ ಹತ್ತಿರ ಮುಖಗವಸು ಕಡ್ಡಾಯ ಎಂಬ ಬೋರ್ಡು. ಮ್ಯಾನೇಜರಿನ ಕಿಟಕಿ ಇಲ್ಲಿಂದ ಐದನೆಯದು. ನೋಡಿಬಿಟ್ಟರೆ? ನಾಳೆಯಿಂದ ಬಿಡದಿದ್ದರೆ? ಸೀನು ಬಂದರೆ? ತಲೆ ಅಲ್ಲಾಡಿಸಿದೆ. ಅವನು ಮತ್ತೆ ಕುಟ್ಟಿದ. ಮತ್ತೆ ಅಲ್ಲಾಡಿಸಿದೆ.

ಕಾದ. ಎಡಗೈ ಗಾಜಿನ ಮೇಲೇ ಇಟ್ಟುಕೊಂಡು ಕಾದ. ಆಮೇಲೆ ಕುರ್ಚಿ ತಿರುಗಿಸಿದ.

ನಾಳೆ ಮ್ಯಾನೇಜರನ್ನೇ ಕೇಳುತ್ತೇನೆ. ನಾಳೆ ಖಂಡಿತ.

ಮೇ 9, ಶನಿವಾರ

ಅವತ್ತೇ ರಾತ್ರಿ ಅವನ ಕೋಣೆಯ ಸಾಲಿನಲ್ಲಿ ಮೂರು ಜನಕ್ಕೆ ಸೋಂಕು ಬಂತು. ಎಲ್ಲರನ್ನೂ ಕೋಣೆಯೊಳಗೆ ಹಾಕಿದರು. ಪರದೆ ಎಳೆದರು. ಕಿಟಕಿಯ ಹತ್ತಿರ ಯಾರೂ ಹೋಗುವಂತಿಲ್ಲ. ಜೋಸ್ಲಿನ್‌ಗೂ ಬಂತು.

ಬರೆಯಲು ಆಗಲಿಲ್ಲ ಇಷ್ಟು ದಿನ. ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸಿತು. ಅವನಿಗೆ ಮೊದಲ ಸಲ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದಿದೆ. ಇನ್ನೊಂದು ಸಲ ಮಾಡುತ್ತಾರೆ.

ದಿನಾ ರಸ್ತೆಯ ಆಚೆ ವ್ಯಾನ್ ನಿಲ್ಲಿಸಿ ಕೂರುತ್ತೇನೆ. ಕಂದು ಪರದೆಯ ಮುಂದೆ ಗಾಜಿನಲ್ಲಿ ನಾನು. ಬಾಯಿಲ್ಲ. ಆ ಹೆಂಗಸಿನ ಮೇಲೆ ನನಗೆ ಹೊಟ್ಟೆಯುರಿ. ಅವಳು ಅಲ್ಲಿದ್ದಾಳೆ. ಅವತ್ತು ಗವಸು ತೆಗೆದಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು. ಎರಡು ನಿಮಿಷ.

ಜೋಸ್ಲಿನ್ ತನ್ನ ಗ್ಯಾರೇಜಿನಿಂದ ಫೋನ್ ಮಾಡಿದಳು. ಕೆಮ್ಮು, ಮಾತು, ಕೆಮ್ಮು.

"ಹೊಸಬಳಿಗೆ ಹೇಳಿಟ್ಟಿದೀನಿ ಡೋನಾ... ಊಟದ ಹೊತ್ತಲ್ಲಿ ಪರದೆ ಒಂದು ಕಡೆಯಿಂದ ಸ್ವಲ್ಪ ಎತ್ತು ಅಂತ. ಮುಖ ಕಾಣ್ಬೇಕು ಅವ್ರಿಗೆ. ಒಂದ್ಸಲ ಮುಖ ನೋಡ್ತಾರೆ, ಒಂದು ಚಮಚ ತಗೋತಾರೆ. ಮುಖ... ಚಮಚ..."

"ನೀನು ಮಾತಾಡ್ಬೇಡ ಮಗಳೇ. ಏನಾದ್ರೂ ಉಂಡ್ಯಾ ನೀನು?"

"ನನಗೆ ಯಾರ ಮುಖಾನೂ ಇಲ್ವಲ್ಲ ಇಲ್ಲಿ," ಅಂದಳು. ತಮಾಷೆಗೇ ಅಂದಳು.

ಸೊಪ್ಪಿನ ಸಾರು ಮಾಡಿ ಅವಳ ಗ್ಯಾರೇಜಿನ ಬಾಗಿಲಿಗಿಟ್ಟು ಬಂದೆ. ಡಬ್ಬಿ ಒರೆಸಿದೆನೋ ಇಲ್ಲವೋ, ನೆನಪಿಲ್ಲ.

ಮೇ 13

ಎರಡನೆಯ ಸಲವೂ ಇಲ್ಲ ಎಂದು ಬಂತು. ಶುಕ್ರವಾರ ಪರದೆ ತೆಗೆಯುತ್ತಾರೆ. ಅವತ್ತೇ ತೂಕ.

ಮ್ಯಾನೇಜರಿಗೆ ಫೋನ್ ಮಾಡಿದೆ. ಏನು ಹೇಳಬೇಕು ಎಂದು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೆ, ಕಾಗದ ಕೈಯಲ್ಲೇ ಇತ್ತು, ಬೇರೆಯೇ ಹೇಳಿದೆ. ಅವನಿಗೆ ನನ್ನ ಬಾಯಿ ಬೇಕು ಅಂದುಬಿಟ್ಟೆ. ಆ ಕಡೆ ಅವಳು ಬಾಗಿಲು ಮುಚ್ಚಿದ ಸದ್ದು. ಆಮೇಲೆ, "ಹತ್ತಡಿ ಸುತ್ತಳತೇಲಿ ಯಾರೂ ಇರಬಾರದು. ಐದು ನಿಮಿಷ. ನಾನು ನೋಡಿಲ್ಲ," ಅಂದಳು.

ಮೇ 15, ಶುಕ್ರವಾರ, ಹತ್ತಕ್ಕೆ ಇನ್ನೂ ಸ್ವಲ್ಪ ಇದೆ

ವ್ಯಾನಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಲಿಂಡಾ ಕಾಲುದಾರಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ, ಕೈಯಲ್ಲಿ ಪೊರಕೆ. ಟಪಾಲಿನವನನ್ನು ಆಗಲೇ ಓಡಿಸಿದಳು. "ಆಚೆ ಹೋಗಪ್ಪ! ಇಲ್ಲಿ ನನ್ನ ತಮ್ಮನ ಹೆಂಡತಿ ಮುಖ ತೋರಿಸ್ತಾಳೆ!" ಅವನು ಏನಂದುಕೊಂಡನೋ.

ಈಗ ಹೊಸಬಳ ಫೋನ್ ಬಂತು. ನೂರಹನ್ನೊಂದೂವರೆ. ಸದ್ಯಕ್ಕೆ ನಳಿಗೆ ಇಲ್ಲ. ಮುಂದಿನ ವಾರ ಮತ್ತೆ ನೋಡುತ್ತಾರಂತೆ. ಮುಂದಿನ ವಾರ ಇದೆ ಅಂದಳು. ಎರಡು ಸಲ ಹೇಳಿಸಿದೆ.

ಹದಿನೈದು ದಿನ ಆಯಿತು. ಸಿಟ್ಟು ಮಾಡಿಕೊಂಡಿದ್ದರೆ? ಬೆರಳು ಎತ್ತದಿದ್ದರೆ? ತುಟಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದೇನೆ, ಅರುವತ್ತಾರು ವರ್ಷದವಳು. ಕಪ್ಪು ಕಲಸಿದೆ. ಸಣ್ಣ ಬ್ರಷ್ ತೊಳೆದೆ.

ಪರದೆ ಅಲುಗಾಡಿತು. ಗಾಳಿಯೋ. ಇಲ್ಲ, ಯಾರೋ ಎಳೆಯುತ್ತಿದ್ದಾರೆ. ಕುರ್ಚಿಯ ಗಾಲಿ ಕಾಣುತ್ತಿದೆ. ಎಡಗೈ ಮೇಲೆ ಬಂತು, ಗಾಜಿಗೆ, ಸರಿಯಾಗಿ ಮೂಗಿನ ಕೆಳಗೆ... ಗವಸಿನ ದಾರ ಕಿವಿಗೆ ಸಿಕ್ಕಿಕೊಂಡಿದೆ, ಬಂದೆ ಕಣೋ, ಬಂ