ಮುಚ್ಚಿದ ಮೇಲೂ ನಡೆಯುವ ಕೆಲಸ

ನಾಗರಬಾವಿ
ವಿಶ್ವಾವಸು ಸಂವತ್ಸರದ ಕಾರ್ತಿಕ ಬಹುಳ ಪಂಚಮಿ, ಭಾನುವಾರ

ಸೌಭಾಗ್ಯವತಿ ಬೋರಮ್ಮನಿಗೆ ನಿನ್ನ ಯಜಮಾನನ ಅನೇಕ ಆಶೀರ್ವಾದಗಳು.

ಭಗವತ್ಕೃಪೆಯಿಂದ ನಾವೆಲ್ಲರೂ ಇಲ್ಲಿ ಕ್ಷೇಮ. ನಿನ್ನ ತಂಗಿ ಪಟಾಲಮ್ಮನ ಮಂಡಿ ಹೇಗಿದೆ? ಶಸ್ತ್ರಚಿಕಿತ್ಸೆಯ ತರುವಾಯ ಕಾಲು ಮಡಿಸಲು ಬರುತ್ತಿದೆಯೋ, ಇನ್ನೂ ಗೋಡೆಯನ್ನೇ ಹಿಡಿದು ಬಚ್ಚಲಿಗೆ ಹೋಗುತ್ತಿದ್ದಾಳೋ? ನೀನು ಅವಳ ಕಾಲಿಗೆ ತಿಕ್ಕುವ ಎಣ್ಣೆ ಬಿಸಿಯಾಗಿರಲಿ, ಆಡುವ ಮಾತು ತಣ್ಣಗಿರಲಿ. ನಿನ್ನ ಸೊಂಟದ ನೋವನ್ನು ಅವಳಿಗೆ ಕಾಣದಂತೆ ಅದುಮಿಟ್ಟುಕೊಂಡಿರುವೆಯೆಂದು ಬಲ್ಲೆ. ರಾತ್ರಿ ಒಂದಿಷ್ಟು ಶಾಖ ಕೊಟ್ಟುಕೋ. ಪಟಾಲಮ್ಮನ ಮಗ ಚಿಕ್ಕಣ್ಣನ ಕೈಲಿ ನೀನು ಕಳಿಸಿದ ಈ ವರ್ಷದ ಮೊದಲ ಅವರೆಕಾಯಿ ತಲುಪಿತು. ಅದನ್ನು ಯಾರು ಸುಲಿಯಬೇಕು, ಯಾವ ಮೊರದಲ್ಲಿ ಸುಲಿಯಬೇಕು, ಸಿಪ್ಪೆಯನ್ನು ಯಾರ ಮನೆಯ ಹಸುವಿಗೆ ಹಾಕಬೇಕು ಎಂಬ ನಿನ್ನ ಆಜ್ಞೆಗಳೂ ಕಾಯಿಯ ಜೊತೆಯಲ್ಲೇ ತಲುಪಿದವು. ಚಿಕ್ಕಣ್ಣ ಅವನ್ನು ಪಾಠ ಒಪ್ಪಿಸುವಂತೆ ಒಪ್ಪಿಸಿದ.

ಹೊತ್ತುಹೊತ್ತಿಗೆ ಫೋನಿನಲ್ಲಿ ಮಾತಾಡುವ ಮನುಷ್ಯ ಇದ್ದಕ್ಕಿದ್ದಂತೆ ಕಾಗದ ಬರೆಯುವುದೇಕೆಂದು ನೀನು ಹುಬ್ಬೇರಿಸುವೆ. ಕಾರಣವಿದೆ. ಈ ವಾರ ನಮ್ಮ ಮೊಮ್ಮಗಳು ಮಾನಸಳ ವಿದ್ಯೆಗೆ ಒಂದು ಗಂಡಾಂತರ ಬಂದು ಹೋಯಿತು. ಅದಕ್ಕೆ ನಾನು ನಿಮಿತ್ತನಾದೆ. ನನ್ನ ಹಿಂದೆ ನೀನಿದ್ದೆ. ಇದನ್ನು ಪಟಾಲಮ್ಮನ ಎದುರು ಗಟ್ಟಿಯಾಗಿ ಓದಬೇಡ. ಮನೆಯ ಮಾನ ಮನೆಯಲ್ಲೇ ಇರಲಿ.

ಮಾಗಡಿಯ ಬಸ್ಸು ಹತ್ತುವಾಗ ನೀನು ಮೆಟ್ಟಿಲ ಮೇಲೆಯೇ ತಿರುಗಿ ನಿಂತು ಆಡಿದ ಮಾತು ನೆನಪಿದೆಯಷ್ಟೆ? "ರೀ, ದೀಪ ಹಚ್ಚೋ ಹೊತ್ಗೆ ಮನೇಲಿ ಒಂದು ಪುಸ್ತಕಾನೂ ತೆರ್ಕೊಂಡು ಬಿದ್ದಿರ್ಬಾರ್ದು. ಸರಸ್ವತಿ ಎದ್ದು ಹೋಗ್ತಾಳೆ. ನಿಮ್ಗೇ ಹೇಳ್ತಾ ಇರೋದು, ಕೇಳುಸ್ತಾ?" ಬಸ್ಸಿನಲ್ಲಿದ್ದವರೆಲ್ಲರಿಗೂ ಕೇಳಿಸಿತು, ಕಂಡಕ್ಟರನು ನನ್ನ ಪರವಾಗಿ ತಲೆಯಾಡಿಸಿದನು. ಅಂದಿನಿಂದ ನಾನು ಈ ವ್ರತವನ್ನು ಲೋಪವಿಲ್ಲದೆ ನಡೆಸಿಕೊಂಡು ಬಂದಿದ್ದೇನೆ. ನನ್ನ ಪುರಾಣದ ಹೊತ್ತಗೆಗಳನ್ನು ಮುಚ್ಚುತ್ತೇನೆ, ಮಗ ಮಂಜುನಾಥನು ಸೋಫಾದ ಮೇಲೆ ಕವುಚಿ ಹೋಗಿರುವ ಪತ್ರಿಕೆಯನ್ನು ಮಡಿಸುತ್ತೇನೆ, ಸೊಸೆ ಚೇತನಾ ಬ್ಯಾಂಕಿನಿಂದ ತರುವ ಕಾಗದದ ಕಟ್ಟನ್ನೂ ಕಟ್ಟಿಡುತ್ತೇನೆ.

ಈಗ ಮಾನಸಳ ವಿಚಾರ. ಅವಳು ವಿಶ್ವವಿದ್ಯಾಲಯದಲ್ಲಿ ನಮ್ಮ ವೃಷಭಾವತಿಯ ಮೇಲೆ ಸಂಶೋಧನೆ ಮಾಡುತ್ತಿರುವುದು ನಿನಗೆ ತಿಳಿದೇ ಇದೆ. "ಆ ಮೋರಿ ಮೇಲೆ ಏನೇ ಓದ್ತೀಯ?" ಎಂದು ನೀನು ಮೂಗು ಮುಚ್ಚಿಕೊಂಡು ಕೇಳಿದ್ದೆಯಲ್ಲ, ಅದೇ. ಯಾವ ಮಳೆಗೆ ಆ ನೀರು ಯಾವ ಬೀದಿಗೆ ನುಗ್ಗುವುದೆಂಬ ಲೆಕ್ಕ. ಅವರ ವಿಭಾಗದ ದೊಡ್ಡ ಯಂತ್ರವೊಂದು ಈ ಲೆಕ್ಕವನ್ನು ಎರಡು ಹಗಲು ಎರಡು ರಾತ್ರಿ ಎಡೆಬಿಡದೆ ಮಾಡಬೇಕು. ಅದಕ್ಕೆ ಅಪ್ಪಣೆ ಕೊಡುವುದು ನಮ್ಮ ನಡುಮನೆಯ ಮೇಜಿನ ಮೇಲಿರುವ ಅವಳ ಲ್ಯಾಪ್‌ಟಾಪಿನಿಂದ. ಅದರೊಳಗೆ ಒಂದು ಕಪ್ಪು ಪರದೆ ತೆರೆದುಕೊಳ್ಳುತ್ತದೆ. ಟರ್ಮಿನಲ್ ಎಂದು ಅದರ ಹೆಸರು. ಅಪ್ಪಣೆಯನ್ನು ಇಲ್ಲಿ ಬರೆದರೆ ಅಲ್ಲಿ ಕೆಲಸ ನಡೆಯುತ್ತದೆ. ಶನಿವಾರ ಬೆಳಿಗ್ಗೆ ಅವಳ ಗುರುಗಳ ಮುಂದೆ ಈ ಲೆಕ್ಕವನ್ನು ಇಡಲೇಬೇಕಿತ್ತು. ತಪ್ಪಿದರೆ ಮುಂದಿನ ಸಭೆ ಯುಗಾದಿ ಕಳೆದ ಮೇಲೆ. ಸೋಮವಾರ ಬೆಳಿಗ್ಗೆ ಅವಳು ಕೆಲಸ ಆರಂಭಿಸಿ, ಲ್ಯಾಪ್‌ಟಾಪಿನ ಮೇಲೆ "ಯಾರೂ ಮುಟ್ಟಬೇಡಿ" ಎಂಬ ಚೀಟಿ ಅಂಟಿಸಿ ಪಾಠ ಹೇಳಲು ಹೋದಳು.

ನಾನು ಮುಟ್ಟಲಿಲ್ಲ, ಬೋರಮ್ಮ. ದೇವರಾಣೆಗೂ ಮುಟ್ಟಲಿಲ್ಲ. ದೀಪದ ಹೊತ್ತಿಗೆ ಉತ್ತರೀಯದ ಅಂಚಿನಿಂದ ಹಿಡಿದು ಮೆಲ್ಲನೆ ಮುಚ್ಚಿ, ಮೇಲೊಂದು ಸೇವಂತಿಗೆ ಇಟ್ಟೆನು. ಅದು ಪುಸ್ತಕವಲ್ಲವೆಂದು ನೀನು ವಾದಿಸಬಾರದು. ಮಹಾನವಮಿಯ ದಿನ ಪುಸ್ತಕಗಳ ಸಾಲಿನಲ್ಲಿ ಅದನ್ನೂ ಇಟ್ಟು ಅರಿಶಿನ ಕುಂಕುಮ ಹಚ್ಚಿದವಳು ನೀನೇ; ಅಲ್ಲಿಗೆ ಅದರ ಕುಲ ನಿರ್ಣಯವಾಯಿತು. ಸ್ತೋತ್ರಪಾಠ ಮುಗಿದ ಮೇಲೆ, ಓದುವ ಮಗುವಿನ ಪುಸ್ತಕವೆಂಬ ಅಕ್ಕರೆಯಿಂದ, ಮತ್ತೆ ಮೊದಲಿನಂತೆಯೇ ತೆರೆದಿಟ್ಟೆನು. ಹೂವನ್ನು ಮಾತ್ರ ನಾನೇ ಕಿವಿಗಿಟ್ಟುಕೊಂಡೆ.

ಮಾನಸ ಬಂದು ನೋಡುತ್ತಾಳೆ, ಕೆಲಸ ಸತ್ತಿದೆ. ಮಂಗಳವಾರ ಮೊದಲಿನಿಂದ ಆರಂಭಿಸಿದಳು, ಸಂಜೆಗೆ ಸತ್ತಿತು. ಬುಧವಾರವೂ ಅದೇ ಗತಿ. ಮನೆಯಲ್ಲಿ ವಿಚಾರಣೆ ನಡೆಯಿತು. ಮಂಜುನಾಥನು ಇಂಟರ್ನೆಟ್ಟಿನವನಿಗೆ ಫೋನ್ ಮಾಡಿ, "ಏನ್ ಗುರು, ದಿನಾ ಸಾಯಂಕಾಲ ನಿಮ್ ಲೈನಿಗೆ ಏನ್ ರೋಗ ಬರತ್ತೆ?" ಎಂದು ಬೀದಿಗೆಲ್ಲ ಕೇಳಿಸುವಂತೆ ಕೂಗಾಡಿದನು. ಚೇತನಾ ಎದುರುಮನೆಯವರ ಮಿಕ್ಸಿಯ ಮೇಲೆ ಸಂಶಯಪಟ್ಟಳು. ನಾನಾದರೋ, ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತಿನಲ್ಲಿ ಸಂಹೃತನಾದ ಅಸುರನ ಕಥೆಯನ್ನು ಸವಿಸ್ತಾರವಾಗಿ ಹೇಳಿ, ಸಂಧ್ಯಾಕಾಲವು ಸಕಲ ಕಾರ್ಯಗಳಿಗೂ ಕಂಟಕವೆಂದು ವಿವರಿಸಿ, ಯಂತ್ರಕ್ಕೆ ದೃಷ್ಟಿ ತೆಗೆದು ಒಲೆಗೆ ಉಪ್ಪು ಮೆಣಸಿನಕಾಯಿ ಹಾಕಿದೆನು. ಮನೆಯವರೆಲ್ಲ ಕೆಮ್ಮಿದರು. ಇಷ್ಟು ಘಾಟು ಎದ್ದುದರಿಂದ ದೃಷ್ಟಿ ಬಲವಾಗಿರಲಿಲ್ಲವೆಂದು ನಾನೇ ನಿರ್ಧರಿಸಿದೆ.

ಬುಧವಾರ ರಾತ್ರಿ ಮಗು ಅಳುಮೋರೆ ಮಾಡಿಕೊಂಡು ಮತ್ತೊಮ್ಮೆ ಆರಂಭಿಸಿದಳು. ಇದೂ ಸತ್ತರೆ ಶನಿವಾರದೊಳಗೆ ಇನ್ನೊಂದಕ್ಕೆ ಕಾಲಾವಕಾಶವಿಲ್ಲ. ಆದ್ದರಿಂದ ಗುರುವಾರ ಅವಳು ಎಲ್ಲಿಗೂ ಹೋಗದೆ ಪರದೆಯ ಮುಂದೆಯೇ ಕಾವಲು ಕುಳಿತಳು. ಸೂರ್ಯ ಇಳಿದನು. ನಾನು ಎಂದಿನಂತೆ ಕೈಕಾಲು ತೊಳೆದು, ಉತ್ತರೀಯ ಸರಿಪಡಿಸಿಕೊಂಡು, ಹೂವು ಹಿಡಿದು ಬಂದು, ಅವಳ ಎದುರಿಗೇ ಅದನ್ನು ಮುಚ್ಚತೊಡಗಿದೆನು.

"ತಾತಾ! ಏನ್ ಮಾಡ್ತಾ ಇದೀರಾ?" ಎಂದು ಚೀರಿ ಅವಳು ಎರಡೂ ಅಂಗೈಗಳನ್ನು ನಡುವೆ ತೂರಿಸಿದಳು. "ಮೂರ್ ದಿನದಿಂದ ನೀವೇನಾ?"

ಮಂಜುನಾಥನು ಓಡಿಬಂದು ಹೂವನ್ನು ನೋಡಿ, ನನ್ನನ್ನು ನೋಡಿ, "ಅಪ್ಪಾ, ನಾನ್ ಆ ಇಂಟರ್ನೆಟ್ ಹುಡುಗನ್ಗೆ ಏನೇನ್ ಬೈದಿದೀನಿ ಗೊತ್ತಾ?" ಎಂದು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟನು. ಚೇತನಾ ಸೆರಗಿನಲ್ಲಿ ನಗುವನ್ನು ಮುಚ್ಚಿಕೊಂಡು ಒಳಗೆ ಹೋದಳು, ಒಳಗಿನಿಂದಲೂ ಕೇಳಿಸುತ್ತಿತ್ತು.

ಆ ಕ್ಷಣದ ಧರ್ಮಸಂಕಟವನ್ನು ಏನೆಂದು ವರ್ಣಿಸಲಿ! ಮುಚ್ಚಿದರೆ ಮೊಮ್ಮಗಳ ವಿದ್ಯೆ ಕೆಡುತ್ತದೆ, ಮುಚ್ಚದಿದ್ದರೆ ನಿನಗಿತ್ತ ಮಾತು ಕೆಡುತ್ತದೆ. ಅದೇ ಹೊತ್ತಿಗೆ ನಿನ್ನ ಫೋನ್ ಬಂತು. "ಪುಸ್ತಕ ಮುಚ್ಚಿದ್ರಾ?" ಎಂದು ನೀನು ಕೇಳಿದಾಗ ನಾನು "ಮುಚ್ತಾ ಇದೀನಿ, ಮುಚ್ತಾ ಇದೀನಿ" ಎಂದು ಏದುಸಿರುಬಿಟ್ಟೆನಲ್ಲ, ನೀನು "ಮೆಟ್ಲು ಹತ್ತಿದ್ರಾ, ಮಾತ್ರೆ ನುಂಗಿಲ್ವಾ?" ಎಂದು ಗದರಿದೆಯಲ್ಲ, ಆಗ ನಾನು ಒಂದು ಕೈಯಲ್ಲಿ ನಿನ್ನನ್ನೂ ಇನ್ನೊಂದು ಕೈಯಲ್ಲಿ ಅರ್ಧ ಮುಚ್ಚಿದ ಯಂತ್ರವನ್ನೂ ಹಿಡಿದು ನಿಂತಿದ್ದೆ.

ಮಾನಸ ನನ್ನನ್ನು ಬಯ್ಯಲಿಲ್ಲ. "ತಪ್ಪು ನಂದೇ ತಾತ. ಸೋಮವಾರಾನೇ ಇದ್ನ ಬಿಚ್ಚಿ ಬಿಡ್ಬೇಕಿತ್ತು, ಸೋಮಾರಿತನ ಮಾಡ್ದೆ. ಐದೇ ನಿಮಿಷ ತಡೀರಿ" ಎಂದಳು. ಮುಚ್ಚಳ ಮುಚ್ಚಿದರೆ ಟರ್ಮಿನಲ್ ಹೊರಟುಹೋಗುತ್ತದೆ, ಹೋಗುವಾಗ ತನ್ನ ಕೈಕೆಳಗಿನ ಕೆಲಸಗಳಿಗೆಲ್ಲ 'ನಾನು ಹೊರಟೆ, ನೀವೂ ಮುಗಿಸಿ' ಎಂದು ಸಾರಿ ಹೋಗುತ್ತದಂತೆ. ವಿಧೇಯವಾದ ಕೆಲಸಗಳು ಆ ಮಾತಿಗೆ ಅಲ್ಲಿಯೇ ಪ್ರಾಣ ಬಿಡುತ್ತವಂತೆ. ಅವಳು ಕೆಲಸವನ್ನು ಒಂದು ಕ್ಷಣ ತಡೆದು ನಿಲ್ಲಿಸಿದಳು, ಪರದೆಯ ಹಿಂದಕ್ಕೆ ಕಳಿಸಿ ಅಲ್ಲಿ ಮತ್ತೆ ನಡೆಸಿದಳು, ಕೊನೆಗೆ ಒಂದೇ ಒಂದು ಪದ ಬರೆದು ಅದಕ್ಕೂ ಟರ್ಮಿನಲ್ಲಿಗೂ ಇದ್ದ ಹಗ್ಗವನ್ನು ಕಳಚಿದಳು. ಗೂಟದಿಂದ ಬಿಚ್ಚಿದ ಹಸು ತಾನಾಗಿ ಮೇಯುವಂತೆ, ಕೆಲಸ ಇನ್ನು ತಾನಾಗಿ ನಡೆಯುವುದೆಂದಳು. "ಈಗ ಮುಚ್ಚಿ ತಾತ. ನೀವೇ ಮುಚ್ಚಿ."

"ಹಿಡಿದವರು ಬಿಟ್ಟ ಮೇಲೆ ಅದನ್ನು ನೋಡಿಕೊಳ್ಳುವವರು ಯಾರಮ್ಮ?" ಎಂದು ಕೇಳಿದೆ.

"ನಂಬರ್ ಒಂದು ಅಂತ ಒಬ್ರಿದಾರೆ ತಾತ. ಆ ಮಷೀನು ಎದ್ದಾಗ ಎಲ್ರಿಗಿಂತ ಮೊದ್ಲು ಏಳೋದು ಅದೇ. ದಿಕ್ಕಿಲ್ಲದ್ದನ್ನೆಲ್ಲ ಅದೇ ಸಾಕ್ಕೊಳ್ಳತ್ತೆ."

ನಾನು ಕೈಮುಗಿದೆ, ಬೋರಮ್ಮ. ಇಷ್ಟು ವರ್ಷ ಹನುಮಂತರಾಯನ ಗುಡಿಯಲ್ಲಿ ಪುರಾಣ ಹೇಳುತ್ತ, ಅನಾಥರಿಗೆ ನಾಥನೊಬ್ಬನುಂಟೆಂದು ಸಾವಿರ ಸಲ ಸಾರಿದ್ದೇನೆ. ಆತನು ನಂಬರ್ ಒಂದೆಂಬುದು ಯಂತ್ರಕ್ಕೂ ಗೊತ್ತಿದೆಯೆಂದು ಅಂದು ತಿಳಿಯಿತು. ಮುಚ್ಚಿದೆ. ಹೂವು ಇಟ್ಟೆ. ದೀಪ ಹಚ್ಚಿದೆ.

ಶುಕ್ರವಾರ ಹೇಗೆ ಕಳೆಯಿತೆಂದು ಕೇಳಬೇಡ. ಬಡಾವಣೆಗೆಲ್ಲ ಕರೆಂಟು ಹೋಯಿತು, ಸತ್ತಿತೆಂದುಕೊಂಡೆ. "ಅದು ಕ್ಯಾಂಪಸ್ಸಲ್ಲಿ ನಡೀತಿರೋದು ತಾತ, ನಮ್ಮನೆ ಕರೆಂಟಲ್ಲಿ ಅಲ್ಲ" ಎಂದಳು. ನಾನು ಮೇಜಿನ ಸುತ್ತ ಪ್ರದಕ್ಷಿಣೆ ಹಾಕಿ, ಮುಚ್ಚಳದ ಮೇಲೆ ಕಿವಿಯಿಟ್ಟು ಕೇಳಿದೆ. ಏನೂ ಕೇಳಿಸಲಿಲ್ಲ. ಶನಿವಾರ ಬೆಳಗಾಗುತ್ತಲೇ ಮಾನಸ ತೆರೆದು ನೋಡಿ ಬಿಳಿಚಿಕೊಂಡಳು. "ಲಿಸ್ಟಲ್ಲಿ ಇಲ್ಲ ತಾತ! ನಡೀತಿರೋ ಕೆಲ್ಸದಲ್ಲಿ ಇದರ ಹೆಸ್ರೇ ಇಲ್ಲ!" ಅನಂತರ ಅವಳು ಇನ್ನೇನನ್ನೋ ತೆರೆದು ಓದಿದಳು. ಬಿಚ್ಚಿಬಿಟ್ಟ ಕೆಲಸವು ಯಾರ ಮುಂದೆಯೂ ಬಂದು ವರದಿ ಒಪ್ಪಿಸುವುದಿಲ್ಲ. ಹೇಳಬೇಕಾದುದನ್ನೆಲ್ಲ ಒಂದು ಕಡೆ ಬರೆದಿಟ್ಟಿರುತ್ತದೆ, ಬಿಡುವಾದಾಗ ಓದಿಕೊಳ್ಳಬೇಕು. ಅದರ ಕಡೆಯ ಸಾಲಿನಲ್ಲಿ ಲೆಕ್ಕ ಸಂಪೂರ್ಣವಾಯಿತೆಂದಿತ್ತು. ಮುಗಿದುದರಿಂದಲೇ ಪಟ್ಟಿಯಲ್ಲಿ ಹೆಸರಿರಲಿಲ್ಲ. ಕರ್ಮ ತೀರಿದ ಮೇಲೆ ಹೆಸರೇಕೆ? ಮಗು ನನ್ನನ್ನು ತಬ್ಬಿಕೊಂಡು ಕುಣಿಯಿತು. ಕಿವಿಯ ಹೂವು ಉದುರಿತು. ಗುರುಗಳು ಒಪ್ಪಿದರು. ಒಂದು ಮಳೆ ಜೋರಾಗಿ ಬಂದರೆ ನೀರು ಮೊದಲು ಹೋಗುವುದು ಮಂಜುನಾಥ ಕಾರು ನಿಲ್ಲಿಸುವ ಕಡೆಗಂತೆ. ಅವನು ಲೆಕ್ಕ ತಪ್ಪೆನ್ನುತ್ತಿದ್ದಾನೆ.

ನಿನ್ನೆ ಊಟಕ್ಕೆ ಕುಳಿತಾಗ ಮಾನಸ ಇನ್ನೊಂದು ಮಾತಾಡಿದಳು. ಮೊನ್ನೆ ಬುಧವಾರ ನಿನ್ನ ಕಡೆ ಸಿಗ್ನಲ್ ಇಲ್ಲದೆ ಇಡೀ ದಿನ ಫೋನ್ ಬರಲಿಲ್ಲವಲ್ಲ. ಅಂದು ನಾನು ಮಾತ್ರೆ ನುಂಗಲಿಲ್ಲ, ಯಾರೂ ಹಾಲಿಗೆ ಹೆಪ್ಪು ಹಾಕಲಿಲ್ಲ, ಮಂಜುನಾಥ ಟ್ಯಾಂಕಿಗೆ ನೀರು ಬಿಡಲಿಲ್ಲ. ಎಲ್ಲವೂ ನಮಗೆ ಗೊತ್ತಿದ್ದ ಕೆಲಸಗಳೇ. "ಅಜ್ಜಿನೇ ನಮ್ ಟರ್ಮಿನಲ್ಲು ತಾತ. ಅಜ್ಜಿ ಫೋನ್ ಕಟ್ಟಾದ್ರೆ ಮನೇನೇ ಬಂದ್" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈತೊಳೆದವನೇ ಈ ಕಾಗದ ಬರೆಯಲು ಹಾಳೆ ಹುಡುಕಿದೆ.

ಪಟಾಲಮ್ಮನಿಗೆ ಬೇಗ ಗುಣವಾಗಲೆಂದು ನನ್ನ ಹರಕೆ ತಿಳಿಸು. ಮಂಜುನಾಥ, ಚೇತನಾ, ಮಾನಸ ನಿನಗೆ ನಮಸ್ಕಾರ ಹೇಳಿದ್ದಾರೆ. ಶ್ರೀ ಹನುಮಂತರಾಯನು ಅವಳ ಮಂಡಿಗೂ ನಿನ್ನ ಸೊಂಟಕ್ಕೂ ತನ್ನ ಬಲವನ್ನೀಯಲಿ.

ನಿನ್ನ
ದೊಡ್ಡಹನುಮಯ್ಯ

ಮರೆತ ಮಾತು: ಈ ಕಾಗದವನ್ನು ನಿನಗೆ ಮುಟ್ಟಿಸಬೇಕಾದ ಚಿಕ್ಕಣ್ಣ ಗಾಡಿ ಸ್ಟಾರ್ಟ್ ಮಾಡಿ "ಕತ್ಲಾಗತ್ತೆ ದೊಡ್ಡಪ್ಪಾ" ಎಂದು ಹಾರ್ನ್ ಹೊಡೆಯುತ್ತಿದ್ದಾನೆ. ಬೋರಮ್ಮ, ನೀನು ನಾಳೆಯ ಬಸ್ಸಿಗೆ ಬರಬೇಡ. "ನೀವು ನಾನಿಲ್ದೆ ಒಂದು ಲೋಟ ನೀರೂ ಕುಡಿಯಲ್ಲ, ಬಂದ್ಬಿಡ್ತೀನಿ" ಎಂದೆಯಲ್ಲ, ನಮಗಾಗಿ ಬರಬೇಡ. ನಿನ್ನ ತಂಗಿ ಗೋಡೆ ಬಿಟ್ಟು ತುಳಸಿಕಟ್ಟೆಯನ್ನು ಸುತ್ತುವವರೆಗೂ ಅಲ್ಲಿಯೇ ಇರು. ಆಜ್ಞೆ ಕೊಡಲು ಇನ್ನು ಫೋನ್ ಮಾಡಬೇಡ. ನಡೆದುದನ್ನೆಲ್ಲ ಹೀಗೆ ಬರೆದಿಡುತ್ತೇನೆ, ಬಿಡುವಾದಾಗ ಓದಿಕೋ. ಮಾತ್ರೆ ನುಂಗಿದ್ದೇನೆ. ಹೆಪ್ಪು ಹಾಕಿದ್ದೇನೆ. ಅವರೆಕಾಯಿ ಸುಲಿದಾಗಿದೆ, ಸಾರಿಗೆ ಹೊಸ ಪುಡಿಯ ಡಬ್ಬಿಯನ್ನು ನೀನು ಎಲ್ಲಿ ಅಡಗಿಸಿಟ್ಟಿರುವೆಯೆಂದು ಮಾತ್ರ ಚಿಕ್ಕಣ್ಣನ ಫೋನಿನಿಂದ... ಬೇಡ, ಹೇಳಬೇಡ. ಹುಡುಕಿಕೊಳ್ಳುತ್ತೇವೆ.