ಸಾಲಿನ ಕೊನೆಗೆ ಗಂಟೆ ಬಾರಿಸುವುದಿಲ್ಲ

ಹಿಂದವಾಡಿ, ಬೆಳಗಾವಿ
೯ ಡಿಸೆಂಬರ್ ೨೦೨೪

ಚಿ. ಸೌ. ಪೂರ್ಣಿಮಾಳಿಗೆ ನಿನ್ನ ಮಾವ ಈರಯ್ಯ ಮಾಡುವ ಆಶೀರ್ವಾದಗಳು.

ಹೇಗಿದ್ದೀ ತಾಯಿ? ಕೂಸು ಹೇಗಿದ್ದಾಳೆ? ರಾತ್ರಿ ಮಲಗಗೊಡುತ್ತಾಳೋ, ಇಲ್ಲ ಮನೆಮಂದಿಯನ್ನೆಲ್ಲ ಎಬ್ಬಿಸಿ ಕೂರಿಸುತ್ತಾಳೋ? ಖಾನಾಪುರದ ಥಂಡಿ ನಮ್ಮ ಬೆಳಗಾವಿಯದಕ್ಕಿಂತ ಒಂದು ಕೈ ಹೆಚ್ಚು. ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಅಂಗಳಕ್ಕೆ ಬರಬೇಡ. ಕಳಿಸಿದ ಅಂಟಿನ ಉಂಡಿಯನ್ನು ನೀನು ತಿನ್ನುತ್ತಿದ್ದೀಯೋ ಅಥವಾ ನಿಮ್ಮಪ್ಪನೇ ಬಾಣಂತಿಯ ಪಾಲಿಗೆ ಕೈಹಾಕಿದ್ದಾರೋ ಎಂದು ನಿನ್ನ ಅತ್ತೆ ಗೌರವ್ವ ಕೇಳುತ್ತಿದ್ದಾಳೆ. ಕೇಳುತ್ತಿರುವುದು ಅವಳು, ನಾನಲ್ಲ. ಬೀಗರಿಗೆ ಹಾಗೆಯೇ ಹೇಳು.

ಫೋನಿದ್ದೂ ಈ ಮುದುಕನಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳುತ್ತೀಯೇನೋ. ಅತ್ತೆ ಸೊಸೆಯರ ಮಾತು ಮುಗಿದು ಫೋನು ನನ್ನ ಕೈಗೆ ಬರುವಷ್ಟರಲ್ಲಿ "ಆರಾಮ ಅದೀಯೇನವಾ?" "ಆರಾಮ ಅದೀನ್ರಿ ಮಾವಾ" ಇಷ್ಟೇ ಉಳಿದಿರುತ್ತದೆ. ಅಲ್ಲದೆ ಈ ಪತ್ರವನ್ನು ನಾನೇ, ನಿನ್ನ ಲ್ಯಾಪ್‌ಟಾಪ್ ಕಂಪ್ಯೂಟರಿನಲ್ಲಿ, ನೀನು ಹಾಕಿಕೊಟ್ಟ ಲಿಬ್ರೆ ಆಫೀಸ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ, ಯಾರ ಸಹಾಯವೂ ಇಲ್ಲದೆ ಟೈಪು ಮಾಡುತ್ತಿದ್ದೇನೆ. ಹಿಂದೆ ನಿಂತು ಇದನ್ನು ಓದಿದ ಗೌರವ್ವ "ಯಾರ ಸಹಾಯಾನೂ ಇಲ್ಲದನ ಏನ್ರಿ?" ಎಂದಳು. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಮ್ಮ ಟೈಪಿಂಗ್ ಅಂಗಡಿಯ ಮಾತು. ಹೋದ ವಾರ ನೀನು ಫೋನಿನಲ್ಲಿ "ಅತ್ತಿ, ಕೂಸಿನ್ನ ಬಿಟ್ಟು ಇನ್ನ ಅಂಗಡಿ ಹೆಂಗ ನೋಡ್ಲಿ? ಗುರುಸಿದ್ದಗ ಕೊಟ್ಟಬಿಡ್ರಿ ಅಂತ ಮಾವಗ ಹೇಳ್ರಿ" ಎಂದದ್ದು ನನ್ನ ಕಿವಿಗೂ ಬಿತ್ತು. ಹೇಳುವಾಗ ನಿನ್ನ ದನಿ ಸಣ್ಣಗಾದದ್ದೂ ಕೇಳಿಸಿತು. ಕ್ಯಾಂಪ್ ಭಾಗದಲ್ಲಿ ನಮ್ಮ ಬಾಜೂಕ್ಕೇ ಝೆರಾಕ್ಸ್ ಅಂಗಡಿ ಇಟ್ಟಿರುವ ಗುರುಸಿದ್ದ ಬಹಳ ದಿನದಿಂದ ನಡುವಿನ ಗೋಡೆ ಒಡೆದು ಒಂದೇ ಮಾಡುವ ಆಸೆ ಇಟ್ಟುಕೊಂಡಿದ್ದಾನೆ. ಒಳ್ಳೆಯವನೇ, ಮುಚ್ಚಿಟ್ಟುಕೊಂಡು ಮಾತಾಡುವವನಲ್ಲ. ಜಾಗದ ಮಾಲೀಕರು ಹೊಸ ವರ್ಷದ ಕರಾರು ಯಾರ ಹೆಸರಿಗೆ ಎಂದು ಕೇಳಿ ಕಳಿಸಿದ್ದಾರೆ. ಚೇತನನನ್ನು ಕೇಳಿದರೆ "ಆಕಿ ಹೆಂಗಂತಾಳ ಹಂಗ" ಎಂದು ಡಬ್ಬಿ ಎತ್ತಿಕೊಂಡು ಡ್ಯೂಟಿಗೆ ಹೊರಟುಬಿಟ್ಟ. ನಿನ್ನ ಗಂಡನ ಬಾಯಿಂದ ಅಷ್ಟು ಮಾತು ಬಂದದ್ದೇ ದೊಡ್ಡದು.

ಆ ಜಾಗದಲ್ಲಿ ನಾನು ಟೈಪ್‌ರೈಟರ್ ಕುಟ್ಟಿ ಮನೆ ನಡೆಸಿದ್ದು ನಿಜ. ಆದರೆ ಕಡೆಕಡೆಗೆ ಮಶೀನಿನ ಮೇಲೆ ಧೂಳು ಒರೆಸುವುದೇ ನನ್ನ ಕೆಲಸವಾಗಿತ್ತು. ನೀನು ಸೊಸೆಯಾಗಿ ಬಂದು ಕಂಪ್ಯೂಟರ್ ಇಟ್ಟ ಮೇಲೆ ತಾನೆ ಅಲ್ಲಿ ಮತ್ತೆ ಜನರ ಕಾಲಾಡಿದ್ದು? ಕುಬಸದ ಶಾಸ್ತ್ರ ಮುಗಿಸಿ ತವರಿಗೆ ಹೊರಡುವ ಮುಂಚೆ ನನ್ನನ್ನು ಕೂರಿಸಿಕೊಂಡು ನೀನು ಹೇಳಿದ್ದು ನೆನಪಿದೆ: "ಮಾವಾ, ನಾ ಬರೂತನಕಾ ಬಾಗಲಾ ಹಾಕಬ್ಯಾಡ್ರಿ. ಲಿಬ್ರೆ ಆಫೀಸ್ ಕಲಿಸೂ ವಿಡಿಯೋ ಪಾಠ ಎಲ್ಲಾ ಇದರಾಗ ಇಳಿಸಿಟ್ಟೇನಿ. ರೊಕ್ಕಾನೂ ಬ್ಯಾಡ, ನೆಟ್ಟೂ ಬ್ಯಾಡ." ಪುಕ್ಕಟೆ ಪಾಠದಲ್ಲಿ ಏನು ಮಣ್ಣಿರುತ್ತದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಸುರಿ ಹೆಂಗಸಿನ ಎದುರು ವಾದ ಬೇಡವೆಂದು ಹೂಂ ಎಂದೆ, ಅಷ್ಟೇ.

ಪಾಠ ಶುರುವಾಯಿತು. ಪರದೆಯ ಅರ್ಧ ಭಾಗದಲ್ಲಿ ಪಾಠ, ಇನ್ನರ್ಧದಲ್ಲಿ ನನ್ನ ಹಾಳೆ. ಅವರು ಒಂದು ಹೇಳಿ ನಿಲ್ಲಿಸು ಎನ್ನುತ್ತಾರೆ, ನಿಲ್ಲಿಸಿ ನಾನು ಮಾಡಿ ನೋಡಬೇಕು. ಅಚ್ಚಗನ್ನಡದಲ್ಲಿ, ಸಾವಕಾಶವಾಗಿ ಹೇಳಿಕೊಡುತ್ತಾರೆ. ಅದರದೇ ಮರಾಠಿ ಪಾಠವೂ ಇದೆ. ಒಂದರಲ್ಲಿ ತಿಳಿಯದಿದ್ದರೆ ಇನ್ನೊಂದರಲ್ಲಿ ಕೇಳುತ್ತಿದ್ದೆ, ಬೆಳಗಾವಿಯಲ್ಲಿ ಹುಟ್ಟಿದ ಪುಣ್ಯ. ಗೌರವ್ವ ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆಯೇ "ನಿಲ್ಲಸ್ರಿ, ಅವರು ಮ್ಯಾಲಿಂದು ಒತ್ತಂದ್ರ ನೀವು ಕೆಳಗಿಂದು ಒತ್ತೀರಿ" ಎನ್ನುತ್ತಿದ್ದಳು. ಸಹಾಯ ಎಂದರೆ ಇದು. ಬರೆದೆ, ಆಯಿತಲ್ಲ?

ನಾಲ್ಕು ದಿನಕ್ಕೆ ನನಗೆ ಎಲ್ಲ ಬಂತು ಎಂಬ ಸೊಕ್ಕು ಬಂತು. ಪ್ಯಾರಾದ ಪಾಠವನ್ನು ಬಿಟ್ಟುಬಿಟ್ಟೆ. ಜೀವಮಾನವಿಡೀ ಪ್ಯಾರಾ ಹೊಡೆದವನಿಗೆ ಅದನ್ನೇನು ಕಲಿಸುತ್ತಾರೆ ಎಂದು. ಆಗಲೇ ಮಧುಕರ ಮಾಸ್ತರರು ತಮ್ಮ ಸಾಲೆಯ ಹಳೆಯ ವಿದ್ಯಾರ್ಥಿಗಳ ಕೂಟದ ವರದಿ ತಂದುಕೊಟ್ಟರು. ನಿನ್ನ ಖಾಯಂ ಗಿರಾಕಿ, ಬರವಣಿಗೆ ಹಳೆಯ ಮೋಡಿ ಲಿಪಿಯಂತೆ ಓದಲು ಬಾರದಿದ್ದರೂ ಮನುಷ್ಯ ಬಂಗಾರ. ಚೆಂದವಾಗಿಯೇ ಹೊಡೆದುಕೊಟ್ಟೆ. ನೋಡಿ ಖುಷಿಯಾಗಿ, "ಓದೂ ಮಂದಿ ಎಲ್ಲಾ ನಮ್ಮ ವಯಸ್ಸಿನವ್ರು, ಅಕ್ಷರ ಒಂದೀಟು ದೊಡ್ಡವು ಮಾಡ್ರಿ" ಎಂದರು. ಮಾಡಿದೆ. ಮಾಡಿದ್ದೇ ತಡ, ಇಡೀ ವರದಿ ಚೆಲ್ಲಾಪಿಲ್ಲಿ! ಒಂದು ಉದ್ದ ಸಾಲು, ಅದರ ಕೆಳಗೆ ಒಂದೇ ಒಂದು ಶಬ್ದ, ಮತ್ತೆ ಉದ್ದ ಸಾಲು, ಮತ್ತೆ ಒಂದು ಶಬ್ದ. ನಡುವೆ ಇಟ್ಟಿದ್ದ ತಲೆಬರಹ ಅಂಚಿಗೆ ಹೋಗಿ ಕುಳಿತಿತ್ತು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಪೂರ್ಣಿಮಾ ಯಾವಾಗ ಬರ್ತಾರ್ರಿ?" ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಖರೇ ಹೇಳುತ್ತೇನೆ, ಆಗಿಂದಾಗಲೇ ಗುರುಸಿದ್ದನಿಗೆ ಕೀಲಿ ಕೊಟ್ಟು ಮನೆಗೆ ಹೋಗಿಬಿಡೋಣ ಎನ್ನಿಸಿತು.

ಲ್ಯಾಪ್‌ಟಾಪನ್ನು ಮನೆಗೆ ತಂದು, ಬಿಟ್ಟ ಪಾಠ ಹಾಕಿದೆ. ಕಾಣದ ಗುರುತುಗಳನ್ನು ತೋರಿಸುವ ಗುಂಡಿ ಒಂದಿದೆಯಲ್ಲ, ತಿರುಗಿ ನಿಂತ ಇಂಗ್ಲಿಷ್ ಪಿ ಅಕ್ಷರದಂಥದ್ದು? ಅದನ್ನು ಒತ್ತಿದರೆ ನನ್ನ ಸಾಲುಸಾಲಿನ ಕೊನೆಗೂ ಒಂದೊಂದು ಪಿ! ಟೈಪ್‌ರೈಟರಿನಲ್ಲಿ ಸಾಲು ಮುಗಿಯುತ್ತಲೇ ಟಿಣ್ ಎಂದು ಗಂಟೆ ಬಾರಿಸುತ್ತಿತ್ತು, ಕೈ ತಾನಾಗಿ ಎದ್ದು ಕಾಗದ ಹೊತ್ತ ಗಾಡಿಯನ್ನು ಆಚೆ ನೂಕುತ್ತಿತ್ತು. ಗಂಟೆ ಹೋದರೂ ಕೈ ಅದನ್ನು ಮರೆತಿಲ್ಲ. ಅಂಚು ಬಂತೆಂದರೆ ಎಂಟರ್ ಹೊಡೆಯುತ್ತಿದ್ದೆ. ತಲೆಬರಹ ನಡುವೆ ತರಲು ಖಾಲಿ ಜಾಗ ಬಿಡುವ ಉದ್ದ ಗುಂಡಿ ಒತ್ತಿ ಒತ್ತಿ ತಳ್ಳಿದ್ದೆ, ಆ ಖಾಲಿಗೂ ಚುಕ್ಕೆ ಇದೆಯೆಂದು ಈಗ ಕಂಡಿತು. ಸಾಲು ತಾನೇ ತಿರುಗುತ್ತದೆ, ಪ್ಯಾರಾ ಮುಗಿದಾಗ ಮಾತ್ರ ಎಂಟರ್ ಎಂದು ಪಾಠದವರು ಮೂದಲಿಸದೆ ಹೇಳಿದರು. ನನಗೆ ಟೈಪಿಂಗ್ ಕಲಿಸಿದ ಗುರುಗಳಾಗಿದ್ದರೆ ಪಟ್ಟಿಯಿಂದ ಬೆರಳ ಗಂಟಿಗೆ ಹೊಡೆಯುತ್ತಿದ್ದರು. ಮರುದಿನ ಮಾಸ್ತರರು ಬಂದಾಗ ಅವರ ಎದುರಿಗೇ ಅಕ್ಷರ ದೊಡ್ಡದು ಮಾಡಿದೆ, ಸಣ್ಣದು ಮಾಡಿದೆ, ಮತ್ತೆ ದೊಡ್ಡದು ಮಾಡಿದೆ. ಒಂದು ಸಾಲೂ ಮುರಿಯಲಿಲ್ಲ. "ಸಾಕ್ರಿ ಈರಯ್ಯನವರ, ಇನ್ನ ಪ್ರಿಂಟ್ ಕೊಡ್ರಿ" ಎಂದು ಅವರೇ ನಗಬೇಕಾಯಿತು.

ಪುಟದ ಸಂಖ್ಯೆ ಮೊದಲ ಪುಟಕ್ಕೆ ಬರದಂತೆ ಮಾಡುವುದು ಎಷ್ಟು ಹೆಣಗಿದರೂ ತಿಳಿಯಲಿಲ್ಲ. ಇಂಥದ್ದನ್ನು ಕೇಳಲು ನೀನು ನೆಟ್ಟಿನಲ್ಲಿ ತೋರಿಸಿದ್ದ ಜಾಗದಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ಸಂಜೆಗೆ ಉತ್ತರ! ಯಾವ ಊರಿನವರೋ, ಗಂಡಸೋ ಹೆಂಗಸೋ, ಚಿತ್ರ ಸಮೇತ ಬಿಡಿಸಿ ಹೇಳಿದ್ದರು. ನೀನು ಯಾರು, ಎಲ್ಲಿಯವನು, ಏನು ಕೊಡುತ್ತೀ ಎಂದು ಕೇಳಲೇ ಇಲ್ಲ. ದಾಸೋಹ ಎಂದರೆ ಪಂಕ್ತಿಯಲ್ಲಿ ಅನ್ನ ಬಡಿಸುವುದು ಎಂದು ತಿಳಿದು ಬೆಳೆದವನು ನಾನು. ಹೀಗೂ ಬಡಿಸುತ್ತಾರೆ ಎಂದು ನಿನ್ನಿಂದ ತಿಳಿಯಿತು. ಸಾಫ್ಟ್‌ವೇರ್ ಮಾಡಿದವರಿಗೆ, ಪಾಠ ಹೇಳಿದವರಿಗೆ, ಉತ್ತರ ಕೊಟ್ಟವರಿಗೆ ಎಲ್ಲಿಂದ ನಮಸ್ಕಾರ ಕಳಿಸಲಿ? ನಿನಗೆ ಹೇಳುತ್ತೇನೆ. ನೀನು ನನಗೆ ಬಹಳ ದೊಡ್ಡ ಉಪಕಾರ ಮಾಡಿದೆ, ತಾಯಿ. ಮೂಲೆಗೆ ಬಿದ್ದಿದ್ದ ನನ್ನನ್ನು ಮತ್ತೆ ಕುರ್ಚಿಗೆ ತಂದು ಕೂರಿಸಿದೆ.

ನಿಮ್ಮ ತಾಯಿ ಚಂದ್ರವ್ವನವರಿಗೆ, ಬೀಗರಿಗೆ ಶರಣು ತಿಳಿಸು. ಕೂಸಿನ ಹಣೆಗೆ ನನ್ನದೊಂದು ಮುತ್ತು. ನಿಮ್ಮಿಬ್ಬರನ್ನೂ ಆ ಬಸವಣ್ಣ ಸುಖವಾಗಿಡಲಿ.

ನಿನ್ನ ಮಾವ,
ಈರಯ್ಯ

ತಾ. ಕ.: ಪ್ರಿಂಟ್ ತೆಗೆದ ಮೇಲೆ ಇದನ್ನು ಕೈಯಲ್ಲಿ ಬರೆಯುತ್ತಿದ್ದೇನೆ, ಟಪಾಲಿನ ಹೊತ್ತಾಯಿತು. ಈಗ ಮಾಲೀಕರನ್ನು ಕಂಡು ಬಂದೆ. ನಿನ್ನ ಉತ್ತರ ಬರುವ ತನಕ ತಡೆಯಲು ಒಪ್ಪಿದ್ದಾರೆ. ಗುರುಸಿದ್ದನಿಗೂ "ಅಂಗಡಿ ನಮ್ಮ ಪೂರ್ಣಿಮಾಂದೈತಿ, ಆಕಿ ಹೇಳೂತನಕಾ ಗ್ವಾಡಿಗೆ ಕೈ ಹಚ್ಚಬ್ಯಾಡ" ಎಂದಿದ್ದೇನೆ. ನೀನು ಬಾಣಂತನ ಮುಗಿಸಿ ಬಂದ ಮೇಲೆ ಮುಂಜಾನೆ ನಾನು ಅಂಗಡಿಯಲ್ಲಿ ಕೂರುತ್ತೇನೆ, ಮಧ್ಯಾಹ್ನ ನೀನು ಕೂರು, ಆಗ ಕೂಸು ನನ್ನ ಹತ್ತಿರ ಇರಲಿ. ಗೌರವ್ವನೂ ಒಪ್ಪಿದ್ದಾಳೆ. ನಿನಗೆ ಆ ಕೆಲಸವೇ ಸಾಕಾಗಿದ್ದರೆ ಸಾಕಾಗಿದೆ ಎಂದು ಬರೆ, ನಾನೇ ಹೋಗಿ ಕೀಲಿ ಕೊಟ್ಟು ಬರುತ್ತೇನೆ, ಒಂದು ಮಾತೂ ಆಡುವುದಿಲ್ಲ. ಕೂಸಿನ ಸಲುವಾಗಿ ಬಿಡುತ್ತೇನೆ ಎಂದು ಮಾತ್ರ ಬರೆಯಬೇಡ. ಅವಳಿಗೆ ಅಜ್ಜ ಇದ್ದಾನೆ.