ಆಡಿನ ಕೊಲ್ಲಿಗೆ ಅಮ್ಮ

ಜುಲೈ 9

ಕೋಟೆ ಟೂರ್. ಬಿಸಿಲು ಅಂದರೆ ಬಿಸಿಲು. ನಾನು ಗೈಡ್ ಆಗಿದ್ದ ಗುಂಪಿನಲ್ಲಿ ಮೆಟ್ಟಿಲು ಹತ್ತುವಾಗಲೇ ಇಬ್ಬರು ಕೂತುಬಿಟ್ಟರು, ಒಬ್ಬಳು ಹೀಲ್ಸ್ ಹಾಕ್ಕೊಂಡು ಬಂದಿದ್ದಳು. ಕೋಟೆ ಒಳಗೆ ಅರ್ಧ ಗಂಟೆ, ಚರ್ಮದ ಅಂಗಡಿಯಲ್ಲಿ ಒಂದೂವರೆ ಗಂಟೆ. ಇದು ನಮ್ಮ ಟೂರ್ ಕಂಪನಿ ಯಜಮಾನ ತುಂಜಾಯ್‌ನ ಲೆಕ್ಕ. ಇಡೀ ಬೋಡ್ರಮ್ ಊರು ಕಾಣೋದು ಅವನಿಗೆ ಕಮಿಷನ್ ಕೊಡೋ ಅಂಗಡಿ ಬಾಗಿಲಿಂದಲೇ.

ಸಂಜೆ ಮನೆಗೆ ಬಂದರೆ ಅಮ್ಮ, ‘ಊಟ ಮಾಡು, ಮುಖ ಬೀದಿ ಬೆಕ್ಕಿನ ಥರ ಆಗಿದೆ’ ಅಂದಳು. ಊಟ ಮಾಡಿ ಮಲಗಿದೆ. ಇಷ್ಟೇ ದಿನ.

ಜುಲೈ 12

ದೋಣಿ ಟೂರ್. ಐದು ಕೊಲ್ಲಿ, ಒಂದು ಊಟ, ಕಲ್ಲಂಗಡಿ ಫ್ರೀ. ಮೂರನೇದು ‘ಕ್ಲಿಯೋಪಾತ್ರಾ ಕೊಲ್ಲಿ’. ಹೆಸರು ತುಂಜಾಯ್ ಇಟ್ಟಿದ್ದು. ರಾಣಿ ಇಲ್ಲಿ ಸ್ನಾನ ಮಾಡಿದ್ದಳು ಅಂತ ಮೈಕ್‌ನಲ್ಲಿ ನಾನು ದಿನಾ ಬಿಡ್ತೀನಿ. ಈ ಕರಾವಳಿಯಲ್ಲಿ ಆ ಹೆಂಗಸು ಸ್ನಾನ ಮಾಡದ ಜಾಗವೇ ಇಲ್ಲ.

ಇವತ್ತು ಇಬ್ಬರು ಗಂಡಸರು ದೋಣಿಯ ಟಾಯ್ಲೆಟ್ ಬಿಟ್ಟು ದಡಕ್ಕೆ ಈಜಿ ಹೋಗಿ, ಕಾಡು ಆಲಿವ್ ಮರದ ಬುಡದ ಕಲ್ಲುಗುಪ್ಪೆ ಹಿಂದೆ ನಿಂತರು. ಎಲ್ಲರ ಮುಂದೆ. ಮೈಕ್‌ನಲ್ಲೇ ಬೈದೆ. ಕಂಪ್ಲೇಂಟ್ ಕೊಟ್ಟರು — ಅವರು, ನನ್ನ ಮೇಲೆ! ತುಂಜಾಯ್ ಫೋನ್‌ನಲ್ಲಿ ಕಿರುಚಿದ. ‘ಗಿರಾಕಿ ಉಚ್ಚೆ ಹೊಯ್ದರೂ ನಗಬೇಕು ನೆಸ್ರಿನ್, ಅದೇ ಟೂರಿಸಂ.’

ಅಮ್ಮ ಬೀನ್ಸ್ ಮುರೀತಾ ಕೂತಿದ್ದಳು. ಹೊಟ್ಟೆಯಲ್ಲಿದ್ದದ್ದೆಲ್ಲಾ ಹೇಳಿಕೊಂಡೆ. ಕ್ಯಾಪ್ಟನ್ ರಿಫಾತಣ್ಣನೂ ಬೈದ, ‘ಈ ಆಡಿನ ಕೊಲ್ಲಿಗೆ ಇನ್ಮೇಲೆ ಬರಲೇಬಾರದು’ ಅಂದ ಅಂತಲೂ ಹೇಳಿದೆ.

ಅಮ್ಮನ ಕೈ ನಿಂತಿತು.

‘ಏನಂದೆ? ಆಡಿನ ಕೊಲ್ಲಿ?’

‘ಹೂಂ. ಅದೇ ಹಳೇ ಹೆಸರಂತೆ.’

‘ಕಲ್ಲುಗುಪ್ಪೆ ಎಲ್ಲಿದೆ? ಹತ್ತಿರ ಒಣ ಬಾವಿ ಇದೆಯಾ?’

ಇದೆ ಅಂದೆ. ಅಮ್ಮ ಬೀನ್ಸ್ ತಟ್ಟೆ ಕೆಳಗಿಟ್ಟಳು. ಆಮೇಲೆ ಹೇಳಿದಳು. ಅದು ಅವಳ ಅಣ್ಣ, ಇಲ್ಯಾಸ್ ಮಾವನ ಗೋರಿ.

ಮಾವ ಒಬ್ಬ ಇದ್ದ, ಸಮುದ್ರದಲ್ಲಿ ಹೋದ ಅಂತ ಮಾತ್ರ ಗೊತ್ತಿತ್ತು. ಸ್ಪಂಜು ಕೀಳೋಕೆ ಮುಳುಗುತ್ತಿದ್ದನಂತೆ, ಬಾಯಿಗೆ ಗಾಳಿ ಪೈಪ್ ಕಟ್ಟಿಕೊಂಡು. ಆಳದಿಂದ ಬೇಗ ಮೇಲೆ ಬಂದ, ಹಾಗೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತಂತೆ. ದೋಣಿಯಲ್ಲೇ ಕೈಕಾಲು ಬಿದ್ದುಹೋಯಿತು, ಬೆಳಗಾಗುವಷ್ಟರಲ್ಲಿ ಹೋದ. ಆಗಸ್ಟ್ ಬಿಸಿಲು, ಮೋಟಾರ್ ಕೆಟ್ಟಿತ್ತು, ಊರಿಗೆ ತರೋಕೆ ಆಗಲಿಲ್ಲ. ಜೊತೆಗಾರರು ಹತ್ತಿರದ ದಡದಲ್ಲೇ, ಒಣ ಬಾವಿ ಪಕ್ಕ ಹೂತು ಕಲ್ಲು ಪೇರಿಸಿ ಬಂದರು, ಜಾಗದ ಗುರುತು ಹೇಳಿದರು. ಅಮ್ಮ ಆಗ ಹನ್ನೊಂದರ ಹುಡುಗಿ. ಅಲ್ಲಿಗೆ ರಸ್ತೆ ಇಲ್ಲ. ಅಜ್ಜಿ ಮತ್ತೆ ಯಾರನ್ನೂ ದೋಣಿ ಹತ್ತಿಸಲಿಲ್ಲ. ಅಮ್ಮನೂ ಹತ್ತಲಿಲ್ಲ. ಸಮುದ್ರ ಕಾಣೋ ಮನೆಯಲ್ಲಿ ಇಷ್ಟು ವರ್ಷ ಇದ್ದು!

ನಾಲ್ಕು ವರ್ಷದಿಂದ ಸೀಸನ್ ಪೂರ್ತಿ ಅಲ್ಲಿಗೆ ಹೋಗ್ತಿದ್ದೀನಿ ನಾನು. ಟವೆಲ್ ಹಂಚಿದ್ದೀನಿ ಅಲ್ಲಿ...

‘ನನ್ನ ಕರ್ಕೊಂಡು ಹೋಗು’ ಅಂದಳು ಅಮ್ಮ.

ಜುಲೈ 13

ತುಂಜಾಯ್‌ನ ಕೇಳಿದೆ. ಒಂದೇ ಒಂದು ಸೀಟ್.

‘ಜುಲೈನಲ್ಲಾ? ಗೈಡು ಅವ್ರ ಅಮ್ಮನ್ನ ಕರ್ಕೊಂಡು ಬರೋಕೆ ಇದೇನು ಮದುವೆ ದಿಬ್ಬಣಾನಾ?’

ವಿಷಯ ಹೇಳಿದೆ. ಬುಕಿಂಗ್ ಪುಸ್ತಕದ ಪುಟ ತಿರುವಿದ. ಆಮೇಲೆ, ‘ದೇವರು ಅವನಿಗೆ ಶಾಂತಿ ಕೊಡಲಿ. ಅಕ್ಟೋಬರ್‌ನಲ್ಲಿ ನೋಡೋಣ’ ಅಂದ. ಅಕ್ಟೋಬರ್‌ನಲ್ಲಿ ಸೀಸನ್ ಮುಗಿದು ದೋಣಿ ದಡದ ಮೇಲೆ ಮಲಗಿರುತ್ತೆ. ಅವನಿಗೂ ಗೊತ್ತು.

ರಿಫಾತಣ್ಣ ಬೇರೆ ಥರ. ‘ನನ್ನ ಪಕ್ಕ, ಚುಕ್ಕಾಣಿ ಹತ್ರ ಕೂರಿಸ್ಕೋತೀನಿ. ಅದು ಸೀಟಲ್ಲ, ನನ್ನ ಜಾಗ. ಯಜಮಾನ ಅಲ್ಲಿ ಲೆಕ್ಕ ಹಾಕಲ್ಲ.’

ಜುಲೈ 17

ಅಮ್ಮ ಬಂದಳು. ಈ ಸೆಕೆಯಲ್ಲಿ ಮದುವೆಗೆ ಹಾಕೋ ಉದ್ದ ಕೋಟು, ತಲೆಗೆ ಬಿಳಿ ವಸ್ತ್ರ, ಚೀಲದಲ್ಲಿ ಸತ್ತವರ ಹೆಸರಲ್ಲಿ ಹಂಚೋ ಹಲ್ವಾ, ನಲ್ಲಿ ನೀರು ತುಂಬಿದ ಕ್ಯಾನು. ಗೋರಿಗೆ ಹಾಕೋಕೆ ಮನೆ ನೀರೇ ಬೇಕಂತೆ.

ದೋಣಿ ಹತ್ತೋ ಹಲಗೆ ಮೇಲೆ ಒಂದು ಕಾಲಿಟ್ಟಳು. ಹಲಗೆ ಅಲುಗಿತು. ಕಾಲು ತೆಗೆದಳು.

‘ಬಾ ಅಮ್ಮ, ನಾನಿದ್ದೀನಲ್ಲ.’

‘ನೀನಿದ್ದೀಯ. ಕೆಳಗೆ ಅದೂ ಇದೆಯಲ್ಲ’ ಅಂದಳು, ನೀರು ತೋರಿಸಿ.

ಹಿಂದೆ ಕ್ಯೂ. ಯಾರೋ ವಾಚ್ ನೋಡಿಕೊಂಡರು. ಮತ್ತೆ ಇಟ್ಟಳು, ಮತ್ತೆ ತೆಗೆದಳು. ಕೊನೆಗೆ ಕ್ಯಾನು ಎತ್ತಿಕೊಂಡು ಒಬ್ಬಳೇ ಬಸ್ ಸ್ಟ್ಯಾಂಡ್ ಕಡೆ ನಡೆದುಬಿಟ್ಟಳು. ನಾನು ಮೈಕ್ ಹಿಡಿದು, ಶುಭೋದಯ, ಇವತ್ತು ಸಮುದ್ರ ಸುಂದರವಾಗಿದೆ ಅಂದೆ.

ಜುಲೈ 18

ಜಗಳ. ತಪ್ಪು ನಂದೂ ಇರಬಹುದು. ‘ಇಷ್ಟು ಹೆದರಿಕೆ ಇದ್ದರೆ ಯಾಕೆ ಆಸೆ ಹುಟ್ಟಿಸ್ಕೊಂಡೆ’ ಅಂದೆ.

‘ಆಸೆ ನಾನು ಹುಟ್ಟಿಸ್ಕೊಂಡೆನಾ? ಉಚ್ಚೆ ಕಥೆ ಹೇಳಿದ್ದು ಯಾರು?’

ಎದ್ದು ಪಾತ್ರೆ ತೊಳೆಯೋಕೆ ಹೋದೆ.

ಜುಲೈ 24

ಹತ್ತಿದಳು! ರಿಫಾತಣ್ಣ ಹೆಗಲು ಕೊಟ್ಟ. ಕಣ್ಣು ಮುಚ್ಚಿಕೊಂಡು, ಬಾಯಲ್ಲಿ ಪ್ರಾರ್ಥನೆ ಹೇಳ್ತಾ, ಹತ್ತೇಬಿಟ್ಟಳು. ನಾನೇ ಅತ್ತುಬಿಡ್ತಿದ್ದೆ.

ಎರಡನೇ ಕೊಲ್ಲಿ ದಾಟೋವಷ್ಟರಲ್ಲಿ ಮೆಲ್ಟೆಮ್, ಬೇಸಿಗೆಯ ಆ ಬಿರುಗಾಳಿ ಎದ್ದಿತು. ಎಲ್ಲಾ ದಿನ ಬಿಟ್ಟು ಇವತ್ತೇ. ಆಡಿನ ಕೊಲ್ಲಿಗೆ ಮುಂಚೆ ಸಮುದ್ರಕ್ಕೆ ಚಾಚಿರೋ ಗುಡ್ಡದ ತುದಿ ದಾಟೋಕೆ ಆಗಲ್ಲ ಅಂದ ರಿಫಾತಣ್ಣ. ದೋಣಿ ತಿರುಗಿತು. ಅಮ್ಮ ವಾಂತಿ ಮಾಡಿದ್ದೂ ಮಾಡಿದ್ದೇ. ದಪ್ಪ ಜರ್ಮನ್ ಹೆಂಗಸೊಬ್ಬಳು ಅವಳ ಹಣೆ ಹಿಡಿದುಕೊಂಡು ಕೂತಳು, ನಾನು ಊಟ ಬಡಿಸುತ್ತಿದ್ದೆ.

ವಾಪಸ್ ಬರೋ ದಾರಿಯ ಪ್ರತಿ ಕೊಲ್ಲಿಯಲ್ಲೂ ತಲೆ ಎತ್ತಿ, ‘ಇದೇನಾ?’

‘ಇದಲ್ಲ ಅಮ್ಮ.’

‘ಇದೇನಾ?’

‘ಇದಲ್ಲ. ಇವತ್ತು ಹೋಗಲ್ಲ ಅಲ್ಲಿಗೆ.’

ಅಮ್ಮ ಬೈಯಲಿಲ್ಲ. ಅದೇ ಕಷ್ಟ. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಹಲ್ವಾನ ಆ ಜರ್ಮನ್ ಹೆಂಗಸಿಗೆ ಕೊಟ್ಟು ಇಳಿದಳು.

ಆಗಸ್ಟ್ 2

ಬರೆಯೋ ಮನಸ್ಸೇ ಇರಲಿಲ್ಲ. ಕೋಟೆ, ಮಾರ್ಕೆಟ್, ಕೋಟೆ, ಚರ್ಮದ ಅಂಗಡಿ. ಅಮ್ಮ ಆ ಮಾತೇ ಎತ್ತಿರಲಿಲ್ಲ, ನಾನೂ ಕೆಣಕಲಿಲ್ಲ. ಮುಗೀತು ಅಂದುಕೊಂಡೆ.

ಇವತ್ತು ನೋಡಿದರೆ ಒಲೆ ಮೇಲೆ ರವೆ ಹುರೀತಿದ್ದಾಳೆ.

‘ಯಾರಿಗೆ ಹಲ್ವಾ?’

‘ನಾಳೆ ಗಾಳಿ ಇಲ್ಲವಂತೆ. ರಿಫಾತ್‌ನ ಕೇಳ್ದೆ.’

ನನ್ನನ್ನ ಕೇಳಲಿಲ್ಲ! ಕ್ಯಾಪ್ಟನ್‌ಗೆ ಫೋನ್ ಮಾಡಿದ್ದಾಳೆ.

ಆಗಸ್ಟ್ 3, ಮಧ್ಯಾಹ್ನ. ಕೊಲ್ಲಿಯಲ್ಲೇ

ಇಲ್ಲಿ ಕೂತು ಬರೀತಿದ್ದೀನಿ. ಬಿಸಿಲು ಇಳಿಯೋವರೆಗೂ ಅಮ್ಮನ್ನ ನೆರಳಲ್ಲಿ ಕೂರಿಸಿದ್ದೀನಿ.

ಸಮುದ್ರ ಎಣ್ಣೆ ಥರ ಇತ್ತು. ಅಮ್ಮ ಇವತ್ತು ಕಣ್ಣು ಬಿಟ್ಟುಕೊಂಡೇ ಬಂದಳು, ರಿಫಾತಣ್ಣನ ಶರ್ಟ್ ಮಾತ್ರ ಬಿಡಲಿಲ್ಲ. ತಲುಪಿದರೆ ಮೂರು ದೊಡ್ಡ ದೋಣಿ ಮೊದಲೇ ನಿಂತಿವೆ. ಒಂದರಲ್ಲಿ ಹಾಡು ಎದೆಗೇ ಬಡೀತಿತ್ತು. ಜನ ಮೇಲಿನ ಡೆಕ್‌ನಿಂದ ಹಾರ್ತಿದ್ದರು.

ನಾನು ಮೈಕ್ ತಗೊಂಡೆ. ತಗೋಲೇಬೇಕಿತ್ತು, ಜನ ಕಾಯ್ತಿದ್ದರು. ರಾಣಿ, ಹಾಲು, ಸ್ನಾನ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಇಂಗ್ಲಿಷ್ ಬರಲ್ಲ, ಆದರೂ ಹೆಸರು ತಿಳೀತಲ್ಲ.

‘ಕ್ಲಿಯೋಪಾತ್ರಾ ಯಾರೇ?’

‘ಈಜಿಪ್ಟಿನ ರಾಣಿ.’

‘ಅವಳಿಗೆ ಅಲ್ಲೇ ನೀರಿರಲಿಲ್ವಾ?’

ರಿಫಾತಣ್ಣ ಸಣ್ಣ ದೋಣಿಯಲ್ಲಿ ದಡಕ್ಕೆ ಬಿಟ್ಟ. ಆಲಿವ್ ಮರದ ಹತ್ತಿರ ಹೋದರೆ ಗುಪ್ಪೆ ಇಲ್ಲ. ಯಾರೋ ಮಾಂಸ ಸುಡೋಕೆ ಆ ಕಲ್ಲುಗಳನ್ನ ತೆಗೆದು ಸುತ್ತಲೂ ಜೋಡಿಸಿಕೊಂಡಿದ್ದಾರೆ. ನಡುವೆ ಇದ್ದಿಲು, ಬಿಯರ್ ಮುಚ್ಚಳ. ಒಂದಷ್ಟು ಕಲ್ಲು ಬಾವಿಯೊಳಗೆ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಮ್ಮ ಕೋಟು ಬಿಚ್ಚಿ ಮರಕ್ಕೆ ನೇತು ಹಾಕಿದಳು. ಬಗ್ಗಿ ಒಂದು ಕಲ್ಲು ಎತ್ತಿದಳು. ಮಸಿ ಹಿಡಿದಿತ್ತು. ಮಗು ಮುಖ ಒರೆಸೋ ಥರ ತಲೆವಸ್ತ್ರದ ತುದಿಯಲ್ಲಿ ಒರೆಸಿದಳು. ಮರದ ಬುಡದಲ್ಲಿಟ್ಟಳು. ಇನ್ನೊಂದು.

ದೋಣಿಯ ಹಾರ್ನ್.

‘ಅಮ್ಮ, ಟೈಮ್ ಆಯ್ತು. ನೀರು ಹಾಕು, ಪ್ರಾರ್ಥನೆ ಮಾಡು, ಹೋಗೋಣ.’

‘ಇವನನ್ನ ಹೀಗೆ ಬಿಟ್ಟು ಬರಲಾ?’

‘ಜನ ಕಾಯ್ತಿದ್ದಾರೆ!’

‘ಇವನೂ ಕಾಯ್ದಿದ್ದಾನೆ. ನೀನು ಹೋಗು. ನಾಳೆ ಬಂದು ಕರ್ಕೊಂಡು ಹೋಗು.’

ಮತ್ತೆ ಹಾರ್ನ್. ಡೆಕ್ ಮೇಲಿಂದ ಬಿಸಿಲಿಗೆ ಸುಟ್ಟ ಬೆನ್ನಿನವನೊಬ್ಬ ಕೈ ಬೀಸಿ ಏನೋ ಕೂಗಿದ. ರಿಫಾತಣ್ಣ ಸಣ್ಣ ದೋಣಿಯಲ್ಲಿ ಬಂದ. ಕಲ್ಲು ನೋಡಿದ, ಅಮ್ಮನ್ನ ನೋಡಿದ, ಟೋಪಿ ತೆಗೆದ.

‘ಏನ್ ಮಾಡ್ತೀಯ ನೆಸ್ರಿನ್?’

ಮೈಕ್ ನನ್ನ ಸೊಂಟದಲ್ಲೇ ಇತ್ತು. ಬಿಚ್ಚಿ ಅವನ ಕೈಗೆ ಕೊಟ್ಟೆ.

‘ಗೈಡ್ ಇಲ್ದೆ ಹೋಗಲಾ? ಯಜಮಾನ ನಿನ್ನ ಜೀವಂತ ಬಿಡಲ್ಲ.’

‘ಉಳಿದಿರೋದು ಎರಡು ಕೊಲ್ಲಿ, ಒಂದು ಕಲ್ಲಂಗಡಿ. ನೀವೇ ಕೊಯ್ದು ಕೊಡಿ ಅಣ್ಣ.’

‘ಎಲ್ಲರನ್ನೂ ಇಳಿಸಿ ಬರ್ತೀನಿ. ಅಲ್ಲೀವರೆಗೂ ಅಮ್ಮನ್ನ ನೆರಳಲ್ಲಿ ಕೂರಿಸು.’

ಹೋದ. ಬೇರೆ ದೋಣಿಗಳೂ ಒಂದೊಂದಾಗಿ ಹೋದವು. ಹಾಡು ತುದಿಯ ಆಚೆ ಹೋಗಿ ನಿಂತಿತು. ಫೋನ್‌ಗೆ ಸಿಗ್ನಲ್ ಬಂದು ಬಂದು ಹೋಗ್ತಿದೆ. ಬಂದಾಗಲೆಲ್ಲಾ ತುಂಜಾಯ್. ಕೊನೇ ಮೆಸೇಜ್: ನಾಳೆ ಬರಬೇಡ.

ಸರಿ.

ಸಂಜೆ. ಅಲ್ಲೇ

ಕಲ್ಲು ಹೊರೋದರಲ್ಲೂ ಜಗಳ. ‘ದೊಡ್ಡದು ಕೆಳಗೆ ಇಡೇ, ಕೇಕ್ ಮಾಡ್ತಿದ್ದೀಯಾ?’ ಬಾವಿಗಿಳಿದು ಸಿಕ್ಕಷ್ಟು ತೆಗೆದೆ. ಉಗುರೆಲ್ಲಾ ಹೋಯಿತು. ತಲೆ ಕಡೆ ಯಾವುದು, ಕಾಲು ಕಡೆ ಯಾವುದು ಅಂತ ಇಬ್ಬರಿಗೂ ಗೊತ್ತಿಲ್ಲ. ಅಮ್ಮ ಮೆಕ್ಕಾ ದಿಕ್ಕು ಹಿಡಿದು ಅಂದಾಜು ಮಾಡಿದಳು.

ನೀರು ಹಾಕಿದಳು. ಸತ್ತವರಿಗೆ ಓದೋ ಫಾತಿಹಾ ಪ್ರಾರ್ಥನೆ ಓದಿದಳು. ಅಳಲಿಲ್ಲ. ಹಲ್ವಾ ತಿಂದೆವು, ಬೆರಳಲ್ಲೇ, ಚಮಚ ದೋಣಿಯಲ್ಲಿ ಹೋಗಿತ್ತು.

ಆಮೇಲೆ ಮಾವ ಹೇಗಿದ್ದ ಅಂತ ಹೇಳಿದಳು. ಇಷ್ಟು ವರ್ಷದಲ್ಲಿ ಮೊದಲು. ‘ಸಮುದ್ರದ ತಳಕ್ಕೆ ಹೋಗ್ತಿದ್ದೋನು, ಇಲಿ ಕಂಡ್ರೆ ಮಂಚ ಹತ್ತುತ್ತಿದ್ದ. ಹಾಡೋಕೆ ಬರ್ತಿರ್ಲಿಲ್ಲ, ಆದ್ರೂ ಹಾಡ್ತಿದ್ದ. ಪಕ್ಕದ ಮನೆ ನಾಯಿ ಊಳಿಡ್ತಿತ್ತು. ನಾಯಿಗೆ ನನ್ನ ಹಾಡು ಅರ್ಥ ಆಗುತ್ತೆ ಅಂತಿದ್ದ.’ ನಕ್ಕಳು. ನಾನೂ ನಕ್ಕೆ. ಮಾವ ಅಂದರೆ ಇಷ್ಟು ದಿನ ನನಗೆ ಗೋಡೆ ಮೇಲಿನ ಮಸುಕು ಫೋಟೋ.

‘ಕೆಲಸ ಹೋಯ್ತಾ?’ ಕೇಳಿದಳು.

‘ಹೋಯ್ತು.’

‘ಒಳ್ಳೇದು. ಆ ರಾಣಿಗೆ ಸ್ನಾನ ಎಷ್ಟು ದಿನ ಮಾಡಿಸ್ತೀಯ.’

ಹೀಗೆ ಅಂದವಳೇ ಮರಕ್ಕೆ ಒರಗಿ, ಒಂದು ಕೈ ಕಲ್ಲಿನ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಾಳೆ. ಬಾಯಿ ತೆರೆದಿದೆ. ಸಣ್ಣಗೆ ಗೊರಕೆ. ಮೊಣಕೈವರೆಗೂ ಮಸಿ.

ತುದಿ ಬಳಸಿ ದೋಣಿ ಬರ್ತಿದೆ. ನಮ್ಮದೇ. ರಿಫಾತಣ್ಣ ಕೈ ಎತ್ತಿದ. ಹಾರ್ನ್ ಹೊಡೀಬೇಡ ಅಂತ ಸನ್ನೆ ಮಾಡಿದೆ, ಅರ್ಥ ಆಯ್ತು ಅನಿಸುತ್ತೆ, ಇಂಜಿನ್ ಕೂಡ ಆರಿಸಿದ. ಸುಮ್ಮನೆ ತೇಲಿಕೊಂಡು ಬರ್ತಿದ್ದಾನೆ.

ಎಬ್ಬಿಸಬೇಕು. ಕತ್ತಲಾಗೋ ಮುಂಚೆ ತುದಿ ದಾಟಬೇಕು. ಎಬ್ಬಿಸ್ತೀನಿ, ದೋಣಿ ಇನ್ನೂ ಸ್ವಲ್ಪ ಹತ್ತಿರ ಬರಲಿ, ಇನ್ನೂ ಸ್ವಲ್ಪ —